ಶ್ರೀಮಾನ್ ಶುದ್ಧ ಕ್ರಯಪತ್ರದವರ ಸನ್ನಿಧಿಗೆ

ಮಹನೀಯರೇ,

ಬೆಂಗಳೂರಿನಲ್ಲಿ ಒಂದು ಮನೆ ಮಾರಿ, ಆ ದುಡ್ಡಿನಲ್ಲಿ ಇನ್ನೊಂದು ಕೊಳ್ಳಲು ಹೊರಟಿರುವ ಉಭಯಸಂಕಟದ ಪ್ರಾಣಿ ನಾನು. ತಮ್ಮ ಪರಿಭಾಷೆಯಲ್ಲಿ ಒಂದು ಕಾಗದದಲ್ಲಿ ‘ಬರೆದುಕೊಟ್ಟವರು’, ಇನ್ನೊಂದರಲ್ಲಿ ‘ಬರೆಸಿಕೊಂಡವರು’. ಬೆಳಿಗ್ಗೆ ನಮ್ಮ ಮನೆ ನೋಡಲು ಬಂದವರ ಮುಂದೆ ತಮ್ಮನ್ನು ಬೀರುವಿನಿಂದ ಹೊರತೆಗೆದು, ‘ರಿಜಿಸ್ಟರ್ಡ್ ಪತ್ರ ಇದೆ ಸಾರ್, ಇನ್ನೇನು ಬೇಕು?’ ಎಂದು ಎದೆಯುಬ್ಬಿಸುತ್ತೇನೆ. ಸಂಜೆ ಇನ್ನೊಬ್ಬರ ಮನೆ ನೋಡಲು ಹೋದಾಗ ಅವರೂ ಅದೇ ಮಾತು ಹೇಳಿದರೆ, ‘ಬರೀ ರಿಜಿಸ್ಟರ್ಡ್ ಪತ್ರ ಇಟ್ಕೊಂಡು ಏನ್ಮಾಡೋದು ಸಾರ್?’ ಎಂದು ಮೂಗು ಮುರಿಯುತ್ತೇನೆ. ಎರಡೂ ಹೊತ್ತು ನಾನು ಆಡುವುದು ನಿಜವೇ. ಅದು ತಮ್ಮ ಮಹಿಮೆ.

ಮೊದಲಿಗೆ ತಮ್ಮ ಒಕ್ಕಣೆಗೆ ನಮಸ್ಕಾರ. ವಿಜಯನಗರದ ಅರಸರು ಅಗ್ರಹಾರ ಬಿಟ್ಟುಕೊಡುವಾಗ ಕಲ್ಲಿನಲ್ಲಿ ಕೊರೆಸುತ್ತಿದ್ದ ಅಷ್ಟಭೋಗಗಳನ್ನು, ಅಂದರೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟನ್ನೂ ತಾವು ಇಂದಿಗೂ ಕೈಬಿಟ್ಟಿಲ್ಲ. ನಾನು ಕೊಳ್ಳಬೇಕೆಂದಿರುವುದು ನಾಲ್ಕನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟು. ಅದರ ಕರಡು ಪತ್ರದಲ್ಲೂ ಎಂಟು ಭೋಗಗಳನ್ನು ‘ಪುತ್ರ ಪೌತ್ರ ಪಾರಂಪರ್ಯವಾಗಿ’ ಅನುಭವಿಸಿಕೊಂಡು ಬರತಕ್ಕದ್ದೆಂದು ಬರೆದಿದೆ. ನಾಲ್ಕನೇ ಮಹಡಿಯ ನೆಲ ಅಗೆದರೆ ನಿಧಿ ಸಿಗುವುದಿಲ್ಲ, ಮೂರನೇ ಮಹಡಿಯವರ ಬೈಗುಳ ಸಿಗುತ್ತದೆ. ಜಲದ ವಿಷಯ 2024ರ ಬೇಸಿಗೆ ಕಂಡವರಿಗೆ ಹೇಳಬೇಕಾಗಿಲ್ಲ. ಅದು ಟ್ಯಾಂಕರಿನಲ್ಲಿ ಬರುತ್ತದೆ, ಡ್ರೈವರ್ ಫೋನ್ ಎತ್ತಿದರೆ. ಪಾಷಾಣವೆಂದರೆ ಅಡುಗೆಮನೆಯ ಗ್ರಾನೈಟು. ಸ್ಯಾಂಪಲ್ ಫ್ಲ್ಯಾಟಿನಲ್ಲಿ ಕಪ್ಪಗಿತ್ತು, ಇಲ್ಲಿ ಬೂದಿ ಬಣ್ಣಕ್ಕಿದೆ. ಅಕ್ಷೀಣ, ಎಂದೂ ಕಡಿಮೆಯಾಗದ್ದು, ಮೇಂಟೆನೆನ್ಸ್ ಚಾರ್ಜ್. ಸಿದ್ಧ ಎಂದು ಬ್ರೋಷರ್ ಹೇಳುತ್ತದೆ, ಸಾಧ್ಯ ಎಂದು ಬಿಲ್ಡರ್ ಹೇಳುತ್ತಾರೆ. ಆಗಾಮಿ ಏನೆಂಬುದು ನೋಟಿಸು ಬಂದಾಗ ತಿಳಿಯುತ್ತದೆ.

ಈ ಎಂಟರಲ್ಲಿ ಒ.ಸಿ., ಅಂದರೆ ಸ್ವಾಧೀನಾನುಭವ ಪ್ರಮಾಣಪತ್ರ, ಇಲ್ಲ. ಅರಸರ ಕಾಲಕ್ಕೆ ಅದರ ಅಗತ್ಯವಿರಲಿಲ್ಲ. ಈಗ ಅದಿಲ್ಲದೆ ನೀರು, ವಿದ್ಯುತ್ ಸಂಪರ್ಕ ಕೊಡಕೂಡದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಒ.ಸಿ. ಇದೆಯಾ?’ ಎಂದು ನಾನು ಕೇಳಿದರೆ ಮಾರುವವರು, ‘ಅಪ್ಲೈ ಮಾಡಿದ್ದೀವಿ ಸಾರ್’ ಎನ್ನುತ್ತಾರೆ. ನನ್ನ ಮನೆ ಕೊಳ್ಳಲು ಬಂದವರು ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ.

ಫ್ಲ್ಯಾಟಿನ ಅಳತೆಯನ್ನೂ ಸ್ವಲ್ಪ ಅರಿಕೆ ಮಾಡಿಕೊಳ್ಳುತ್ತೇನೆ. ಕಾರ್ಪೆಟ್ ಏರಿಯಾ ಎಂದರೇನೆಂದು 2016ರ ರೇರಾ ಕಾಯಿದೆ ಬಿಡಿಸಿ ಹೇಳಿ ವರ್ಷಗಳೇ ಆದರೂ, ಬ್ರೋಕರ್ ಬಾಯಲ್ಲಿ ಇನ್ನೂ ‘ಸೂಪರ್ ಬಿಲ್ಟ್-ಅಪ್’ ಎಂಬ ಮಾತೇ ಓಡಾಡುತ್ತದೆ. ಅವರ ಲೆಕ್ಕದ 1,500 ಚದರಡಿಯಲ್ಲಿ ಪೊರಕೆ ಆಡುವುದು 1,050ರಷ್ಟರಲ್ಲಿ. ಉಳಿದದ್ದು ಲಿಫ್ಟಿನ ಗುಂಡಿ, ಮೆಟ್ಟಿಲು ಮತ್ತು ಒಂದು ಕ್ಲಬ್‌ಹೌಸು. ಆ ಕ್ಲಬ್‌ಹೌಸಿಗೆ ಬೀಗ ಹಾಕಿದೆ. ಬೀಗದಲ್ಲೂ ನನಗೆ ಅವಿಭಾಜ್ಯ ಪಾಲಿದೆ.

ಇನ್ನು ನಾನು ಮಾರುತ್ತಿರುವ ಸ್ವತ್ತು. ಮೂವತ್ತು-ನಲವತ್ತರ ಸೈಟು, ಮೇಲೊಂದು ಕೆಳಗೊಂದು ಮನೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಹುಟ್ಟಿತಲ್ಲ, ಆ ಹಳ್ಳಿಗಳಲ್ಲೊಂದರ ಸರ್ವೆ ನಂಬರಿನ ಕೂಸು ಅದು. ಹೀಗಾಗಿ ಬಿ-ಖಾತೆ. ಬಿ-ಖಾತೆಯ ತತ್ವ ಸರಳ: ತೆರಿಗೆ ಕಟ್ಟುವಾಗ ನಿನ್ನ ಮನೆ ಇದೆ, ಪ್ಲ್ಯಾನ್ ಕೇಳುವಾಗ ಇಲ್ಲ. ಇಂಥವನ್ನೆಲ್ಲ ಸರಿಪಡಿಸಲು ಅಕ್ರಮ-ಸಕ್ರಮ ಬಂತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಗೆ ಸಿಕ್ಕಿ ಅಲ್ಲೇ ನಿಂತಿತು. ಆಮೇಲೆ 2024ರಲ್ಲಿ ಇ-ಖಾತೆ ಇಲ್ಲದೆ ನೋಂದಣಿಯಿಲ್ಲ ಎಂದಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಆ ವರ್ಷದ ಕೊನೆಗೆ ಶುಲ್ಕ ಕಟ್ಟಿಸಿಕೊಂಡು ಬಿ-ಯನ್ನು ಎ ಮಾಡುವ ಯೋಜನೆ. ನನ್ನ ಗೋಡೆ ಇಷ್ಟು ವರ್ಷ ಒಂದಂಗುಲ ಅಲುಗಿಲ್ಲ. ಅದರ ಜಾತಕ ಮಾತ್ರ ಬದಲಾಗುತ್ತಲೇ ಇದೆ. ಇಷ್ಟೆಲ್ಲ ಒದ್ದಾಡಿ ಖಾತೆ ಪಡೆದು ಕೋರ್ಟಿಗೆ ಹೋದರೆ, ಖಾತೆ ತೆರಿಗೆಗಾಗಿ ಇಟ್ಟ ದಾಖಲೆಯಷ್ಟೆ, ಒಡೆತನದ ಪುರಾವೆಯಲ್ಲ ಎಂದು ನ್ಯಾಯಮೂರ್ತಿಗಳು ಹಿಂದಿನಿಂದಲೂ ಹೇಳುತ್ತ ಬಂದದ್ದನ್ನೇ ಮತ್ತೊಮ್ಮೆ ಹೇಳುತ್ತಾರೆ.

ಹಾಗಾದರೆ ಒಡೆತನದ ಪುರಾವೆ ಎಲ್ಲಿದೆ? ತಮ್ಮಲ್ಲಿರಬೇಕಲ್ಲವೇ? ಈ ಪ್ರಶ್ನೆ ಹಿಡಿದು ಒಂದೊಂದೇ ಬಾಗಿಲು ತಟ್ಟಿದೆ. ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ನೋಡು ಎಂದರು. ಇ.ಸಿ. ಬಲು ಸಭ್ಯ ದಾಖಲೆ, ತನ್ನ ಪುಸ್ತಕದಲ್ಲಿ ಬರೆದದ್ದನ್ನಷ್ಟೇ ಹೇಳುತ್ತದೆ. ವ್ಯವಹಾರ ಇದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16. ನೋಂದಣಿಯಾಗದ ಕರಾರು, ಬಾಯಿಮಾತಿನ ಭಾಗ, ನಡೆಯುತ್ತಿರುವ ದಾವೆ ಅದರ ಕಿವಿಗೆ ಬೀಳುವುದಿಲ್ಲ. ಬ್ಯಾಂಕು ಸಾಲ ಕೊಟ್ಟರೆ ಎಲ್ಲ ಸರಿಯಿದೆ ಎಂದರ್ಥ ಎಂದರು. ಬ್ಯಾಂಕಿನ ವಕೀಲರ ಅಭಿಪ್ರಾಯದ ಕೊನೆಯ ಸಾಲು ಓದಿದೆ: ತಮಗೆ ತೋರಿಸಿದ ದಾಖಲೆಗಳ ಮಟ್ಟಿಗೆ ಮಾತ್ರ ಈ ಅಭಿಪ್ರಾಯವಂತೆ. ತೋರಿಸಿದ್ದು ಮಾರುವವನು. ತೋರಿಸದ್ದನ್ನು ತೋರಿಸು ಎಂದು ಕೇಳುವ ವಿದ್ಯೆ ಇನ್ನೂ ಹುಟ್ಟಿಲ್ಲ.

ಕೊನೆಗೆ ತಮ್ಮ ಜನ್ಮಸ್ಥಳವಾದ ಉಪನೋಂದಣಿ ಕಚೇರಿಗೇ ಬಂದೆ. ಅಧಿಕಾರಿಗಳು ಸರದಿಯಲ್ಲಿದ್ದವರ ಫೋಟೋ ತೆಗೆದರು, ಹೆಬ್ಬೆಟ್ಟು ಒತ್ತಿಸಿದರು, ಹಣ ಮುಟ್ಟಿತೇ ಎಂದು ಕೇಳಿದರು. ಸ್ವತ್ತು ಮಾರುವವನದೇ ಹೌದೇ ಎಂದು ಮಾತ್ರ ಕೇಳಲಿಲ್ಲ. ಕೇಳುವಂತಿಲ್ಲವಂತೆ! 1908ರ ನೋಂದಣಿ ಕಾಯಿದೆ ಅವರಿಗೆ ಒಡೆತನ ತನಿಖೆ ಮಾಡುವ ಅಧಿಕಾರ ಕೊಟ್ಟಿಲ್ಲ. ತಮಿಳುನಾಡು ಅಂಥದೊಂದು ನಿಯಮ ಮಾಡಿಕೊಂಡಿತ್ತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡಿತು. ಅಂದರೆ ನಾಳೆ ನಾನು ವಿಧಾನಸೌಧವನ್ನೇ ಮಾರಲು ಹೋದರೆ, ಸ್ಟ್ಯಾಂಪ್ ಡ್ಯೂಟಿ ಸರಿಯಿದ್ದು ಸಾಫ್ಟ್‌ವೇರು ಒಪ್ಪಿದರೆ, ‘ಇದು ನಿನ್ನದೇನಪ್ಪಾ?’ ಎಂದು ಕೇಳುವುದು ಕಾನೂನಿನ ಕಣ್ಣಿನಲ್ಲಿ ಅಧಿಕಪ್ರಸಂಗ. ಅದೇ ವರ್ಷದ ನವೆಂಬರ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ನೋಂದಣಿಯೇ ಬೇರೆ ಒಡೆತನವೇ ಬೇರೆ ಆಗಿರುವ ಈ ದೇಶದಲ್ಲಿ ಆಸ್ತಿ ಕೊಳ್ಳುವವರ ಪಾಡನ್ನು ಪ್ರಸ್ತಾಪಿಸಿ, ಬ್ಲಾಕ್‌ಚೈನ್ ಕಡೆಗೂ ಕಣ್ಣುಹಾಯಿಸಿ ಎಂದು ಸಲಹೆ ಕೊಟ್ಟಿತು. ಬರಲಿ ಸ್ವಾಮಿ. ಬಂದ ಮರುದಿನವೇ ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ‘ಇಲ್ಲಿ ಬ್ಲಾಕ್‌ಚೈನ್ ಮಾಡಿಕೊಡಲಾಗುವುದು, ಜೆರಾಕ್ಸ್ ಲಭ್ಯ’ ಎಂಬ ಬೋರ್ಡು ಬೀಳುತ್ತದೆ.

ಯಾರೂ ಹೊಣೆ ಹೊರದಿದ್ದರೂ ಎಲ್ಲರಿಗೂ ಸಲ್ಲಬೇಕಾದ್ದು ಸಲ್ಲುತ್ತದೆ. 80 ಲಕ್ಷದ ಮನೆಗೆ ಶೇ. 5ರಂತೆ ಮುದ್ರಾಂಕ ಶುಲ್ಕ ನಾಲ್ಕು ಲಕ್ಷ. ಆ ಶುಲ್ಕದ ಮೇಲೆ ಶೇ. 10 ಸೆಸ್ಸು, ಶೇ. 2 ಸರ್‌ಚಾರ್ಜು, ಎರಡೂ ಸೇರಿ 48 ಸಾವಿರ. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2, ಅದು 1.6 ಲಕ್ಷ. ಒಟ್ಟು 6,08,000 ರೂಪಾಯಿ. ಇಷ್ಟು ಕೊಟ್ಟ ಮೇಲೆ ನನಗೆ ದೊರೆಯುವುದೇನೆಂದರೆ, ಇಂಥ ದಿನ ಇಂಥವನು ಬಂದು ಇದು ತನ್ನದೆಂದು ಹೇಳಿಹೋದ ಎಂಬುದಕ್ಕೆ ಸರ್ಕಾರದ ರಸೀತಿ. 50 ಲಕ್ಷ ಮುಟ್ಟಿದರೆ ಮಾರುವವರ ಹಣದಲ್ಲಿ ಶೇ. 1 ಟಿಡಿಎಸ್ ಹಿಡಿದು ಕಟ್ಟುವ ಹೊಣೆಯೂ ಕೊಳ್ಳುವವನದೇ. ಮಾರುವವರಲ್ಲೊಬ್ಬರು ಅಮೆರಿಕದಲ್ಲಿದ್ದರಂತೂ ತೆರಿಗೆಯ ಲೆಕ್ಕವೇ ಬೇರೆ, ಅವರ ಪವರ್ ಆಫ್ ಅಟಾರ್ನಿ ಕಾನ್ಸುಲೇಟಿನ ಮೊಹರು ಹೊತ್ತು ಬರುವ ಹೊತ್ತಿಗೆ ಆಷಾಢ ಬಂದಿರುತ್ತದೆ. ಆಷಾಢದಲ್ಲಿ ವ್ಯವಹಾರ ಮಾಡುವಷ್ಟು ನಾಸ್ತಿಕರು ಎರಡೂ ಕಡೆ ಒಟ್ಟಿಗೆ ಸಿಗುವುದು ಅಪರೂಪ.

ತಮ್ಮ ಎರಡನೇ ಪುಟದಲ್ಲಿ ಒಂದು ವಾಕ್ಯವಿದೆ: ‘ಪೂರ್ತಾ ಕ್ರಯದ ಹಣವನ್ನು ಸಾಕ್ಷಿಗಳ ಸಮಕ್ಷಮ ಪಡೆದಿರುತ್ತೇನೆ.’ ಓದುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಪತ್ರದಲ್ಲಿರುವುದು ಸರ್ಕಾರ ಗೊತ್ತುಮಾಡಿದ ಗೈಡೆನ್ಸ್ ವ್ಯಾಲ್ಯೂಗೆ ನಾಲ್ಕು ಕಾಸು ಸೇರಿಸಿದ ಮೊತ್ತ. ಉಳಿದದ್ದು ಬಟ್ಟೆ ಅಂಗಡಿಯ ಕ್ಯಾರಿಬ್ಯಾಗಿನಲ್ಲಿ ಬರಬೇಕೆಂದು ಮಾರುವವರ ಆಸೆ. ಸ್ಥಿರಾಸ್ತಿ ಮಾರಾಟಕ್ಕೆ 20 ಸಾವಿರ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯಕೂಡದೆಂದು 2015ರಿಂದ ಕಾನೂನೇ ಇದೆಯೆಂದು ನಾನು ಹೇಳಿದೆ. ‘ನೀವು ತುಂಬಾ ಓದ್ಕೊಂಡಿದ್ದೀರಿ, ನಿಮಗೆ ಮನೆ ಆಗೋದು ಕಷ್ಟ’ ಎಂದರು ಬ್ರೋಕರ್. ಈ ಮನುಷ್ಯ ಎರಡೂ ಕಡೆಯಿಂದ ಶೇ. 2 ಪಡೆಯುತ್ತಾರೆ, ಆದ್ದರಿಂದ ಎರಡೂ ಕಡೆಯವರ ಹಿತೈಷಿ. ನನಗೆ ‘ಪಾರ್ಟಿ ಇಳಿಯೋ ಥರ ಕಾಣ್ತಿಲ್ಲ’ ಎಂದು, ಅವರಿಗೆ ‘ಪಾರ್ಟಿ ಏರೋ ಥರ ಕಾಣ್ತಿಲ್ಲ’ ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲರು. ಇಡೀ ವ್ಯವಹಾರದಲ್ಲಿ ಫೋನ್ ಮಾಡಿದ ತಕ್ಷಣ ಎತ್ತುವವರು ಇವರೊಬ್ಬರೇ. ಆ ಮಟ್ಟಿಗೆ ನನಗೆ ಇವರ ಮೇಲೆ ಗೌರವವಿದೆ.

ನಮ್ಮ ಮನೆ ನೋಡಲು ಬರುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಲ್ಲಿ ತಿರುಗಿಸುತ್ತಾರೆ, ಗೋಡೆಗೆ ಬೆರಳ ಗಂಟಿನಿಂದ ಕುಟ್ಟುತ್ತಾರೆ, ಮೊಬೈಲ್ ದಿಕ್ಸೂಚಿ ಹಿಡಿದು ಈಶಾನ್ಯ ಹುಡುಕುತ್ತಾರೆ. ನಮ್ಮ ಈಶಾನ್ಯದಲ್ಲಿ ಶೌಚಾಲಯವಿದೆ ಎಂದು ತಿಳಿದಾಗ ಒಬ್ಬರು ನನ್ನನ್ನು ನೋಡಿದ ನೋಟದಲ್ಲಿ ಸಂತಾಪವಿತ್ತು. ಕಾಫಿ ಮಾತ್ರ ಯಾರೂ ಬಿಟ್ಟು ಹೋಗಿಲ್ಲ.

ಆದರೆ ಹೆಣ್ಣುಮಕ್ಕಳ ವಿಷಯ ಹಾಗೆ ಹಾರಿಸಿ ಹೋಗುವಂಥದ್ದಲ್ಲ. ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ, ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕಾನೂನಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದಲೇ ಬರುವ ಹಕ್ಕು, ತಂದೆ 2005ರಲ್ಲಿ ಬದುಕಿರಬೇಕೆಂದೇನೂ ಇಲ್ಲ ಎಂದು ಸಂಶಯ ಹರಿಸಿತು. ಆದರೂ ತಮ್ಮ ಜೊತೆಗಿಡುವ ವಂಶವೃಕ್ಷದಲ್ಲಿ ಗಂಡುಕೊಂಬೆಗಳೇ ಸೊಂಪಾಗಿ ಚಿಗುರುತ್ತವೆ. ನಾನು ನೋಡಿದ ಒಂದು ಮನೆಯಲ್ಲಿ ಅಣ್ಣತಮ್ಮಂದಿರು ಮೂವರೂ ಸಹಿಗೆ ಪೆನ್ನು ತೆರೆದು ಕೂತಿದ್ದರು. ಅಕ್ಕತಂಗಿಯರಿಲ್ಲವೇ ಎಂದರೆ, ‘ಇದ್ದಾರೆ, ಅರಿಸಿನ-ಕುಂಕುಮಕ್ಕೆ ಕೊಟ್ಟಾಗಿದೆ’ ಎಂದರು. ಸಹಿ ಬೇಕು ಎಂದೆ. ವರ್ಷಗಳಿಂದ ಗೌರಿಹಬ್ಬಕ್ಕೆ ಬಾಗಿನ ಕೊಡದ ಅಣ್ಣ ಆ ಸಂಜೆಯೇ ಸೀರೆ ತೆಗೆದುಕೊಂಡು ತಂಗಿಯ ಮನೆಗೆ ಹೊರಟನಂತೆ. ತಂಗಿ ಸೀರೆ ಇಟ್ಟುಕೊಂಡು, ವಕೀಲರನ್ನು ಕೇಳಿ ಹೇಳುತ್ತೇನೆ ಎಂದಳಂತೆ. ಆ ಮನೆ ನನ್ನ ಕೈತಪ್ಪಿತು. ಆಕೆಯ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ. ಇಷ್ಟು ದಿನದಲ್ಲಿ ನಾನು ಕಂಡ ಒಂದೇ ಒಂದು ನೇರವಾದ ಉತ್ತರ ಅದು.

ತಮ್ಮ ದರ್ಶನಕ್ಕೆ ಕಾವೇರಿ 2.0 ಎಂಬ ತಂತ್ರಾಂಶದ ದಾರಿ ಹಿಡಿಯಬೇಕಷ್ಟೆ. 2025ರ ಆರಂಭದಲ್ಲಿ ಯಾರೋ ಸುಳ್ಳು ಕೋರಿಕೆಗಳ ಮಳೆ ಸುರಿಸಿ ಅದನ್ನು ಕೆಡವಿದರು. ಸೈಬರ್ ದಾಳಿಯೆಂದು ಪತ್ರಿಕೆಯಲ್ಲಿ ಓದಿದ ಮೇಲೆಯೇ ನನಗೆ ತಿಳಿದದ್ದು. ಅಲ್ಲಿಯವರೆಗೆ ಮಾಮೂಲಿ ಸರ್ವರ್ ಡೌನ್ ಎಂದುಕೊಂಡು ಹೋಟೆಲಿನಲ್ಲಿ ಎರಡನೇ ಕಾಫಿ ಹೇಳಿದ್ದೆ.

ಈಗ ನನ್ನ ಮುಖ್ಯ ಬಿನ್ನಹ. ತಮ್ಮ ಕೊನೆಯ ಪುಟದಲ್ಲಿ ಬರೆದುಕೊಟ್ಟವನ ಬಾಯಿಂದ ಒಂದು ಭಾಷೆ ಹೇಳಿಸುತ್ತೀರಿ: ಮುಂದೆ ಈ ಸ್ವತ್ತಿನ ಮೇಲೆ ಯಾವುದೇ ತಂಟೆ ತಕರಾರು ಬಂದಲ್ಲಿ ನಾನೇ ಮುಂದೆ ನಿಂತು ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ. ಸರ್ಕಾರ, ಪಾಲಿಕೆ, ಬ್ಯಾಂಕು, ವಕೀಲರು, ಬ್ರೋಕರ್ ಯಾರೂ ಹೊರದ ಹೊರೆಯನ್ನು ಈ ಒಂದು ವಾಕ್ಯ ಹೊತ್ತಿದೆ. ನನ್ನ ಮನೆ ಕೊಳ್ಳುವವರು ಇದನ್ನೇ ನೆಚ್ಚಿ ನೆಮ್ಮದಿಯಾಗಿ ಮಲಗಬೇಕು, ನಾನು ಕೊಳ್ಳುವ ಮನೆಯಲ್ಲಿ ನಾನೂ ಹಾಗೆಯೇ. ತಕರಾರು ಬಂದರೆ ಬರೆದುಕೊಟ್ಟವನನ್ನು ಎಲ್ಲಿ ಹುಡುಕಬೇಕೆಂದು ಮೊದಲ ಪುಟ ತಿರುವಿದೆ. ಅಲ್ಲಿ ಅವನ ವಾಸದ ವಿಳಾಸವಿದೆ. ಅದು ಅವನು ಮಾರಿದ ಮನೆಯದೇ ವಿಳಾಸ! ಅಂದರೆ ನನ್ನ ಮನೆಯ ಮೇಲೆ ದಾವೆ ಬಂದರೆ ನಾನು ನನಗೇ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿಕೊಂಡು, ಸಹಿ ಹಾಕಿ ಪಡೆದುಕೊಂಡು, ಮುಂದೆ ನಿಂತು ಪರಿಹರಿಸಿಕೊಳ್ಳಬೇಕು. ದಯವಿಟ್ಟು ಆ ಜಾಗದಲ್ಲಿ ಮಾರುವವರು ಮುಂದೆ ಹೋಗುವ ಮನೆಯ ವಿಳಾಸ ಕೇಳಿ. ಒಂದು ಗೆರೆ ಸಾಕು, ಅದಕ್ಕೆ ಬ್ಲಾಕ್‌ಚೈನ್ ಬೇಕಾಗಿಲ್ಲ. ನಾನು ಮಾರುವ ಪತ್ರದಲ್ಲಿ ಮಾತ್ರ ಈ ತಿದ್ದುಪಡಿ ಬೇಡ. ಅದು ಮುಗಿದ ಮೇಲೆ ಜಾರಿಗೆ ಬರಲಿ.

ಇತಿ ತಮ್ಮ ವಿಧೇಯ,
ಬೆಳಿಗ್ಗೆ ಬರೆದುಕೊಡುವವನು, ಸಂಜೆ ಬರೆಸಿಕೊಳ್ಳುವವನು

ಷೆಡ್ಯೂಲು ಸ್ವತ್ತಿನ ಚಕ್ಕುಬಂದಿ
ಪೂರ್ವಕ್ಕೆ: ರಸ್ತೆ. ನಕ್ಷೆಯಲ್ಲಿ 30 ಅಡಿ, ಎದುರು ಮನೆಯವರ ರ‍್ಯಾಂಪು ಮತ್ತು ಕಾರು ಕಳೆದು ಒಂದು ಸ್ಕೂಟರು.
ಪಶ್ಚಿಮಕ್ಕೆ: ಪಕ್ಕದವರ ಗೋಡೆ. ಅವರ ಪ್ರಕಾರ ಅದು ಒಂದಡಿ ಈಚೆಗಿರಬೇಕಿತ್ತು, ನಮ್ಮ ಪ್ರಕಾರ ಆಚೆಗೆ.
ಉತ್ತರಕ್ಕೆ: ಹಿಂದೆ ರಾಜಕಾಲುವೆ ಇದ್ದಿರಬಹುದು ಎಂದು ಹಳಬರು ಹೇಳುವ ಜಾಗ. ಕೊಳ್ಳುವವರು ಕೇಳಿದರಷ್ಟೇ ಹೇಳತಕ್ಕದ್ದು.
ದಕ್ಷಿಣಕ್ಕೆ: ಇದೇ ನಂಬರಿನ ಸೈಟು ತನ್ನದೂ ಎನ್ನುವ ಇನ್ನೊಬ್ಬರ ಸೈಟು.

ಸಾಕ್ಷಿಗಳು: 1. 2. (ಇಬ್ಬರೂ ಜೆರಾಕ್ಸ್ ಅಂಗಡಿಯಲ್ಲೇ ಇರುತ್ತಾರೆ, ಊಟಕ್ಕೆ ಹೋಗಿದ್ದರೆ ಮೂರರ ಮೇಲೆ ಬನ್ನಿ.)