ಕೊಳೆಯೇ ಪ್ರಮಾಣ: ರಗ್ಬಿ ಜೆರ್ಸಿಶಾಸ್ತ್ರಕ್ಕೆ ಒಂದು ಪೀಠಿಕೆ

ಪರದೇಶ ಪ್ರವಾಸ ಹೋದ ರಗ್ಬಿ ತಂಡಗಳ ಆಟಗಾರರು ತೊಟ್ಟು ಬೆವರಿದ ಹಳೆಯ ಜೆರ್ಸಿಗಳನ್ನು ಕೂಡಿಹಾಕುವುದು ಬರೀ ಹವ್ಯಾಸವೆಂದು ಲೋಕ ತಿಳಿದಿದೆ. ಅದು ಲೋಕದ ಅಜ್ಞಾನ. ಶಾಸ್ತ್ರವೊಂದಕ್ಕೆ ಇರಬೇಕಾದ ಲಕ್ಷಣಗಳೆಲ್ಲ, ಅಂದರೆ ಒಬ್ಬರನ್ನೊಬ್ಬರು ನಂಬದ ಪಂಡಿತರು, ತಲೆಮಾರು ಕಳೆದರೂ ಮುಗಿಯದ ವಾದ, ಮನೆಯವರ ಮೂಗುಮುರಿತ, ಇದಕ್ಕೂ ಇವೆ. ಇಲ್ಲದಿರುವುದು ಒಂದು ಮೂಲಸೂತ್ರ. ಆ ಕೊರತೆ ನೀಗಲೆಂದು ಇಲ್ಲಿ ಪ್ರತಿಪಾದಿಸುತ್ತಿರುವುದು ಇಷ್ಟೇ: ಜೆರ್ಸಿಯ ಬೆಲೆಯೆಲ್ಲ ಅದರ ಕೊಳೆಯಲ್ಲಿದೆ, ಬಟ್ಟೆ ಆ ಕೊಳೆಯನ್ನು ಹೊತ್ತು ತರುವ ಕೂಲಿ ಮಾತ್ರ. ಮಡಿಯೇ ಮೇಲು ಎಂದು ಕಲಿತು ಬೆಳೆದ ನಾಡಿನ ಓದುಗರಿಗೆ ಈ ಮಾತು ಗಂಟಲಲ್ಲಿ ಇಳಿಯಲಿಕ್ಕಿಲ್ಲ. ಆದರೆ ಹರಾಜುಕಟ್ಟೆಯಲ್ಲಿ ಮೈಲಿಗೆಗೆ ಸಿಕ್ಕ ಮರ್ಯಾದೆ ಮಡಿಗೆ ಯಾವತ್ತೂ ಸಿಕ್ಕಿಲ್ಲ.

ಪ್ರತ್ಯಕ್ಷ ಪ್ರಮಾಣದಿಂದ ಆರಂಭಿಸೋಣ. 1905ರಲ್ಲಿ ನ್ಯೂಜಿಲೆಂಡ್ ತಂಡ ಬ್ರಿಟನ್ನಿಗೆ ಬಂದು, ಆ ಪ್ರವಾಸದ 35 ಪಂದ್ಯಗಳಲ್ಲಿ 34 ಗೆದ್ದು, ಒಂದನ್ನು ಮಾತ್ರ ಸೋತಿತು. ಆ ಸೋಲು ಡಿಸೆಂಬರ್ 16ರಂದು ಕಾರ್ಡಿಫ್‌ನಲ್ಲಿ, ವೇಲ್ಸ್ ಎದುರು, 3-0. ಅಂದು ನಾಯಕ ಡೇವ್ ಗ್ಯಾಲಹರ್ ತೊಟ್ಟಿದ್ದ ಕಪ್ಪು ಜೆರ್ಸಿ 2015ರಲ್ಲಿ ಅದೇ ಕಾರ್ಡಿಫ್‌ನಲ್ಲಿ 1,80,000 ಪೌಂಡಿಗೆ ಹರಾಜಾಯಿತು. ಎದೆಯ ಮೇಲೆ ಬೆಳ್ಳಿ ಬಣ್ಣದ ಜರೀಗಿಡದ ಎಲೆ, ಕೊರಳಿಗೆ ದಾರದ ಕಟ್ಟು, ಎದುರಾಳಿಯ ಬೆರಳಿಗೆ ಹಿಡಿತ ಸಿಗದಿರಲೆಂದು ಹೆಗಲಿಗೆ ಹೊಲಿದ ಚರ್ಮದ ಪಟ್ಟಿ: ಆ ಪ್ರವಾಸದ ಜೆರ್ಸಿಗಳ ಒಡವೆಯೆಲ್ಲ ಇಷ್ಟೇ. ಬಟ್ಟೆ, ಚರ್ಮ, ಹೊಲಿಗೆ ಕೂಲಿ ಎಲ್ಲವನ್ನೂ ಧಾರಾಳವಾಗಿ ಕಳೆದರೂ ಉಳಿಯುವ ಮೊತ್ತ ಸುಮಾರು 1,80,000 ಪೌಂಡೇ. ಅದು ಯಾವುದರ ಬೆಲೆ? ಈ ವ್ಯಾಪಾರದಲ್ಲಿ ಜೆರ್ಸಿಗಳಿಗೆ ಮೂರು ಜಾತಿ: ಆಟಗಾರ ತೊಟ್ಟದ್ದು, ತೊಡಲೆಂದು ಕೊಟ್ಟದ್ದು, ಅಂಗಡಿಯಲ್ಲಿ ಮಾರಿದ್ದು. ಎರಡನೆಯದು ಬೆಂಚಿನ ಮೇಲೆ ಕೂತು ಬಂದದ್ದು. ನೂಲು ಅದೇ, ಅಳತೆ ಅದೇ, ದರ ಮಾತ್ರ ಪಾತಾಳ. ಮೊದಲೆರಡರ ನಡುವೆ ಇರುವ ವ್ಯತ್ಯಾಸ ಕೊಳೆಯೊಂದೇ ಆದ್ದರಿಂದ, ದರದ ವ್ಯತ್ಯಾಸವೂ ಕೊಳೆಯದೇ.

ಕೊಳೆ ಬೆಲೆಯನ್ನಷ್ಟೇ ಅಲ್ಲ, ಸತ್ಯವನ್ನೂ ಕಾಯಬಲ್ಲದು. ಅದೇ ಪಂದ್ಯದಲ್ಲಿ ನ್ಯೂಜಿಲೆಂಡಿನ ಬಾಬ್ ಡೀನ್ಸ್ ಗೋಲ್ ಗೆರೆಯಾಚೆ ಚೆಂಡು ಊರಿದ್ದನೋ ಇಲ್ಲವೋ ಎಂಬ ಜಗಳ ಇಂದಿಗೂ ತೀರಿಲ್ಲ. ಊರಿದ್ದೆ, ನನ್ನನ್ನು ಹಿಂದಕ್ಕೆ ಎಳೆದರು ಎಂದು ಡೀನ್ಸ್ ಪತ್ರಿಕೆಗೆ ತಂತಿ ಕೊಟ್ಟ. ಓಡಿ ಹಿಂದುಳಿದಿದ್ದ ರೆಫರಿ ಜಾನ್ ಡಲ್ಲಾಸ್, ತಾನು ಬಂದಾಗ ಚೆಂಡು ಗೆರೆಯ ಈಚೆಗಿತ್ತು ಎಂದ. ಊರಿದ್ದಕ್ಕೆ ಸಲ್ಲುವ ಟ್ರೈ ಅಂಕ ಸಿಕ್ಕಿದ್ದರೆ ಪಂದ್ಯ ಕನಿಷ್ಠ ಸಮವಾಗಿ, ಒಂದು ದೇಶದ ಶತಮಾನದ ಹಳಹಳಿಕೆ ತಪ್ಪುತ್ತಿತ್ತು. ಡೀನ್ಸ್ 1908ರಲ್ಲೇ ತೀರಿಕೊಂಡ. ಇಲ್ಲಿ ವಿಚಾರಿಸಿ: ಗೆರೆ ದಾಟಿ ಬಿದ್ದವನನ್ನು ಹಿಂದಕ್ಕೆಳೆದರೆ ಗೆರೆಯ ಬಿಳಿ ಎದೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಉಜ್ಜಿರುತ್ತದೆ, ದಾಟದವನ ಎದೆಗೆ ಬರೀ ಮಣ್ಣು. ಕಪ್ಪು ಬಟ್ಟೆಯ ಮೇಲೆ ಬಿಳಿ ಗುರುತು. ಇದಕ್ಕಿಂತ ಸ್ಪಷ್ಟ ಸಾಕ್ಷಿ ಯಾವ ನ್ಯಾಯಾಲಯಕ್ಕೆ ಸಿಕ್ಕೀತು? ಸಾಕ್ಷಿಯ ಬಾಯಿ ಮುಚ್ಚಿಸಿದ್ದು ವೇಲ್ಸ್ ಅಲ್ಲ, ಸೋಪು.

ಪೂರ್ವಪಕ್ಷಿಗಳು ಸುಮ್ಮನಿರುವವರಲ್ಲ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬಂತೆ ಎಲ್ಲೆಲ್ಲಿ ಕೆಸರೋ ಅಲ್ಲಲ್ಲಿ ಆಟ ಎಂದರೆ ಅತಿವ್ಯಾಪ್ತಿ ದೋಷ ಬರುತ್ತದೆ, ಕಂಬಳದ ಕೋಣಕ್ಕೂ ಮೈತುಂಬ ಕೆಸರು, ಅದು ವೇಲ್ಸ್ ವಿರುದ್ಧ ಆಡಿದ್ದುಂಟೇ ಎಂದು ಅವರು ಕೇಳಬಹುದು. ಕೋಣ ಜೆರ್ಸಿ ತೊಡುವುದಿಲ್ಲ ಎಂಬಲ್ಲಿಗೆ ಆ ಆಕ್ಷೇಪ ಪರಿಹಾರ. ಅವ್ಯಾಪ್ತಿಯ ಆಕ್ಷೇಪ ಇದಕ್ಕಿಂತ ಗಟ್ಟಿ. 1974ರಲ್ಲಿ ವಿಲ್ಲಿ ಜಾನ್ ಮೆಕ್‌ಬ್ರೈಡ್ ನಾಯಕತ್ವದ, ಬ್ರಿಟನ್-ಐರ್ಲೆಂಡಿನ ಆಟಗಾರರ ಲಯನ್ಸ್ ತಂಡ ದಕ್ಷಿಣ ಆಫ್ರಿಕದಲ್ಲಿ 22 ಪಂದ್ಯವಾಡಿ, 21 ಗೆದ್ದು, ಒಂದನ್ನು ಸಮ ಮಾಡಿಕೊಂಡಿತು. ಅಲ್ಲಿ ಒಣನೆಲದ ಮೇಲೆ ನಡೆದ ಪಂದ್ಯಗಳಲ್ಲಿ ಕೆಸರೆಲ್ಲಿ ಬಂತು? ಆ ಕೆಂಪು ಜೆರ್ಸಿಗಳಿಗೆ ಬೆಲೆಯಿಲ್ಲವೇ? ಇದೆ. ಅಲ್ಲಿ ಕೊಳೆ ಬೇರೆ ವೇಷದಲ್ಲಿದೆ: ಬೆವರಿನ ಉಪ್ಪು, ರಕ್ತ, ಹುಲ್ಲು ಉಜ್ಜಿದ ಹಸಿರು, ಕಿತ್ತ ಕಾಲರು. ಆ ಪ್ರವಾಸದ ಹೊಡೆದಾಟಗಳ ಖ್ಯಾತಿ ನೋಡಿದರೆ ಕೆಸರಿನ ಕೊರತೆಯನ್ನು ರಕ್ತ ತುಂಬಿಕೊಟ್ಟಿತೆಂದು ನಂಬಲು ಅಡ್ಡಿಯಿಲ್ಲ. ಹಾಗಾದರೆ ಹಿತ್ತಲಲ್ಲಿ ಹೊರಳಾಡಿಸಿ ಕೊಳೆ ಹುಟ್ಟಿಸಬಹುದಲ್ಲ ಎಂಬ ವ್ಯವಹಾರಚತುರರಿಗೆ ಉತ್ತರ: ಹುಟ್ಟಿಸಬಹುದು, ಆದರೆ ಹಳೆಯ ಫೋಟೋದಲ್ಲಿ ಎಡತೋಳಿನ ಹರಕು ಎಲ್ಲಿದೆ, ಬೆನ್ನಿನ ಅಂಕಿಯ ಯಾವ ಮೂಲೆಯ ಹೊಲಿಗೆ ಸೊಟ್ಟಗಿದೆ ಎಂದು ಭೂತಗನ್ನಡಿ ಹಿಡಿದು ತಾಳೆ ನೋಡುವವರಿದ್ದಾರೆ. ಅವರೆದುರು ಹಿತ್ತಲ ಮಣ್ಣು ನಿಲ್ಲದು. ಬೆವರು, ಮಣ್ಣು ನೂಲನ್ನು ತಿನ್ನುತ್ತವೆ ಎಂಬ ಸಂಗ್ರಹಾಲಯದವರ ಎಚ್ಚರಿಕೆ ನಿಜ. ಆದರೆ ಕಲೆಯೇ ಇತಿಹಾಸವಾದಾಗ ಅದನ್ನು ತೆಗೆಯಬೇಕೋ ಬೇಡವೋ ಎಂದು ಅವರೇ ಹತ್ತು ಸಲ ಯೋಚಿಸುತ್ತಾರೆ.

ಉಳಿದದ್ದು ಒಂದೇ ಆಕ್ಷೇಪ, ಅದು ಸಿದ್ಧಾಂತದ ಬುಡಕ್ಕೇ ಕೊಡಲಿ. ಕಾರ್ಡಿಫ್‌ನ ಪಂದ್ಯ ಮುಗಿದ ಮೇಲೆ ಗ್ಯಾಲಹರ್‌ನ ಜೆರ್ಸಿ ಸೇರಿದ್ದು ವೇಲ್ಸ್ ನಾಯಕ ಗ್ವಿನ್ ನಿಕೋಲ್ಸ್ ಕೈಗೆ. ಈ ನಿಕೋಲ್ಸ್, ಅಂದು ಜೊತೆಯಲ್ಲಿ ಆಡಿದ ಬರ್ಟ್ ವಿನ್‌ಫೀಲ್ಡ್ ಜತೆ ಪಾಲುದಾರನಾಗಿ ಕಾರ್ಡಿಫ್‌ನಲ್ಲಿ ನಡೆಸುತ್ತಿದ್ದದ್ದು ಲಾಂಡ್ರಿ! ಜಗತ್ತಿನ ಅತಿ ಪೂಜ್ಯ ಕೊಳೆ, ಎಲ್ಲ ಬಿಟ್ಟು, ಒಗೆಯುವವನ ಪಾಲಾಗಬೇಕೇ? ಹೆದರಬೇಕಾಗಿಲ್ಲ, ಇಂಥ ಇಕ್ಕಟ್ಟಿಗೆಂದೇ ನಮ್ಮ ಮೀಮಾಂಸಕರು ಅರ್ಥಾಪತ್ತಿಯನ್ನು ಕೊಟ್ಟಿದ್ದಾರೆ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ಅರ್ಥ. ಲಾಂಡ್ರಿ ಮಾಲೀಕನ ಮನೆಯಲ್ಲಿದ್ದ ಜೆರ್ಸಿ 1,80,000 ಪೌಂಡಿಗೆ ಹೋಯಿತೆಂದರೆ, ಊರವರ ಬಟ್ಟೆಯನ್ನೆಲ್ಲ ಒಗೆಸಿದ ಆತ ಇದೊಂದನ್ನು ಲಾಂಡ್ರಿಯ ಹತ್ತಿರ ಸುಳಿಯಗೊಡಲಿಲ್ಲ.