ಆಯಿಯ ವಹಿ, ಮೊಮ್ಮಕ್ಕಳ ಚುಕ್ಕಿ

ಟೆಕ್ಸಾಸಿನಲ್ಲಿ ಶಾಲೆಗಳು ಮೇ ಕೊನೆಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಆಗಸ್ಟ್ ನಡುವಿಗೆ. ಅಷ್ಟು ದಿನ ಮಕ್ಕಳನ್ನು ಏನು ಮಾಡುವುದು ಎಂಬ ಹೆತ್ತವರ ದಿಗಿಲಿನ ಮೇಲೆ ಅಲ್ಲಿ ದೊಡ್ಡ ವ್ಯಾಪಾರವೇ ನಡೆಯುತ್ತದೆ. ಈಜಿಗೆ ಶಿಬಿರ, ಚದುರಂಗಕ್ಕೆ ಶಿಬಿರ, ರೋಬೋಟಿಗೆ ಶಿಬಿರ. ದಯೆಗೆ ಮಾತ್ರ ಶಿಬಿರವಿಲ್ಲ. ಅದನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಮಕ್ಕಳ ಚೀಲದಲ್ಲಿ ಒಂದು ಹಾಳೆ ಬರುತ್ತದೆ. ಹಾಳೆಯ ತುಂಬ ಚೌಕಗಳು. ನೆರೆಯವರ ಕಸದ ಡಬ್ಬಿ ಒಳಗೆಳೆದಿಡಿ. ಪ್ರಾಣಿಯೊಂದಕ್ಕೆ ತಿನ್ನಲು ಕೊಡಿ. ಬಾಯಾರಿದವರಿಗೆ ನೀರು ಕೊಡಿ. ಹಿರಿಯರ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿ. ಒಂದೊಂದು ಮಾಡಿದಾಗಲೂ ಚೌಕದ ಮೇಲೆ ಚಿನ್ನದ ಬಣ್ಣದ ಚುಕ್ಕಿ ಅಂಟಿಸಬೇಕು. ಹಾಳೆ ತುಂಬಿದರೆ ಐಸ್‌ಕ್ರೀಮ್.

ನಮ್ಮ ಮಕ್ಕಳು ಇದರ ಒಳಗುಟ್ಟನ್ನು ಒಂದೇ ಮಧ್ಯಾಹ್ನದಲ್ಲಿ ಕಂಡುಕೊಂಡರು. ಮಗಳು ನೀರಿನ ಬಾಟಲಿ ನೆಲಕ್ಕೆ ಹಾಕುವುದು, ಮಗ ಎತ್ತಿಕೊಡುವುದು, ಅವನಿಗೊಂದು ಚುಕ್ಕಿ. ಆಮೇಲೆ ಅವನ ಸರದಿ. ಸಂಜೆ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಇಬ್ಬರೂ ಪರೋಪಕಾರಿಗಳಾಗಿದ್ದರು, ಬಾಟಲಿ ನುಗ್ಗುನುರಿಯಾಗಿತ್ತು.

ನನ್ನ ಹೆಂಡತಿ ಮೈಸೂರಿನವಳು, ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಈ ಸಲದ ರಜೆಗೆ ನನ್ನ ಊರು ಜನವಾಡಕ್ಕೆ ಹೊರಟಾಗ ಹೊಸ ಹಾಳೆಗಳನ್ನೂ ಚುಕ್ಕಿಗಳ ಪೊಟ್ಟಣವನ್ನೂ ಸೂಟ್‌ಕೇಸಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು. “ಅಲ್ಲಿ ಇನ್ನೂ ಜಾಸ್ತಿ ಅವಕಾಶ ಇರತ್ತೆ ಕಣ್ರೀ” ಎಂದಳು. ಅವಕಾಶ ಎಂದರೆ ಮುದುಕರು, ಬಡವರು ಮತ್ತು ದನಕರು. ಅವಳು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಅವಕಾಶಗಳಲ್ಲಿ ಮೊದಲ ಜಾತಿಗೆ ನನ್ನ ಹೆತ್ತವರೇ ಸೇರಿದ್ದರು.

ಶಂಶಾಬಾದಿನಲ್ಲಿ ವಿಮಾನ ಇಳಿದು ಜಹೀರಾಬಾದ್ ಹಾದು ಬೀದರಿಗೆ ಬಂದು, ಅಲ್ಲಿಂದ ಔರಾದದ ದಾರಿ ಹಿಡಿದರೆ ಕೆಂಪು ನೆಲ ಕೆಳಗಿಳಿದು ಮಾಂಜ್ರಾ ನದಿಯ ಕಡೆಯ ಕಪ್ಪು ಮಣ್ಣಾಗುತ್ತದೆ. ಆ ದಾರಿಯಲ್ಲೇ ನಮ್ಮ ಜನವಾಡ. ಮಕ್ಕಳಿಗೆ ನನ್ನವ್ವ ಆಯಿ, ನನ್ನಪ್ಪ ಮುತ್ಯಾ, ತಮ್ಮ ಕಾಕಾ. ಹೆಂಡತಿ ಬಂದ ಮರುದಿನವೇ ಹಾಳೆಗಳನ್ನು ಆಯಿಯ ತಿಜೋರಿಯ ಬಾಗಿಲಿಗೆ ಅಂಟಿಸಿದಳು. ಅದೇ ಹೊತ್ತಿಗೆ ಬಿಸಿಲಲ್ಲಿ ಬಂದ ಬಳೆಗಾರ ಕಟ್ಟೆಯ ಮೇಲೆ ಕುಳಿತ. ಮಗ ಓಡಿಹೋಗಿ ನೀರಿನ ತಂಬಿಗೆ ಕೊಟ್ಟ, ಓಡಿಬಂದು ಚುಕ್ಕಿ ಕೇಳಿದ.

“ಚುಕ್ಕಿ ಯಾತಕ್ಕಪಾ?” ಆಯಿ ಕೇಳಿದಳು.

“ನೀರು ಕೊಟ್ಟಿದ್ದಕ್ಕೆ.”

“ನೀರಡಿಸಿ ಬಂದಾವ ಕುಡದಾನ. ನೀನೇನ್ ಬಾವಿ ತೋಡಿಸಿಯೇನ?”

ಮಗ ಬಾವಿಗೆ ಎಷ್ಟು ಚುಕ್ಕಿ ಎಂದು ಅವ್ವನ ಮುಖ ನೋಡಿದ.

ಇಲ್ಲಿಗೆ ‘ನೋಡಿ, ಹಳ್ಳಿಯಲ್ಲಿ ಲೆಕ್ಕವಿಲ್ಲದ ದಯೆ, ಅಮೆರಿಕದಲ್ಲಿ ಲೆಕ್ಕದ ದಯೆ’ ಎಂದು ಬರೆದು ನಾನು ಕೈತೊಳೆದುಕೊಳ್ಳಬಹುದಿತ್ತು. ಕನ್ನಡ ಕೂಟದ ಸಂಚಿಕೆಗಳಲ್ಲಿ ಇಂಥ ಬರಹಕ್ಕೆ ಯಾವಾಗಲೂ ಒಂದು ಪುಟ ಕಾದಿರುತ್ತದೆ. ಆದರೆ ನಾನು ಹುಟ್ಟಿದ ಮನೆ ಅದು. ಅಲ್ಲಿಯ ದಯೆ ಎಂಥದೆಂದು ನನ್ನ ಹೊಟ್ಟೆಗೆ ಗೊತ್ತು.

ಟೆಕ್ಸಾಸಿನ ಶಾಲೆಯಲ್ಲಿ ಒಬ್ಬರು ‘ಬೇಡ’ ಎಂದರೆ ಅದನ್ನು ಮನ್ನಿಸುವುದೇ ದೊಡ್ಡ ಸೌಜನ್ಯ ಎಂದು ಕಲಿಸುತ್ತಾರೆ. ಜನವಾಡದಲ್ಲಿ ಸೌಜನ್ಯ ಶುರುವಾಗುವುದೇ ‘ಬ್ಯಾಡ’ ಎಂದ ಮೇಲೆ. ಆಯಿಯ ಶಾಸ್ತ್ರದ ಪ್ರಕಾರ ಮೊದಲನೆಯ ಬ್ಯಾಡ ನಾಚಿಕೆಯದು, ಎರಡನೆಯದು ಮರ್ಯಾದೆಯದು. ಮೂರನೆಯ ಸಲವೂ ಬ್ಯಾಡ ಎಂದರೆ ರೊಟ್ಟಿಗೆ ತುಪ್ಪ ಸಾಲದೆ ಸಿಟ್ಟು ಬಂದಿದೆ ಎಂದು ತಿಳಿಯತಕ್ಕದ್ದು. ಮಗಳು ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದಳು. ಆಯಿ ಕೈಯ ಮೇಲೆಯೇ ರೊಟ್ಟಿ ಇಟ್ಟಳು. ಓಣಿಯಲ್ಲಿ ನಾಲ್ಕು ಮನೆಗೆ ಭೇಟಿ ಎಂದರೆ ನಾಲ್ಕು ಕಡೆ ಚಹಾ, ನಾಲ್ಕು ಕಡೆ ಸುಸಲಾ. ಕಾಫಿಯ ಊರಿನಿಂದ ಬಂದ ನನ್ನ ಹೆಂಡತಿ ಮೂರನೆಯ ಮನೆಯಲ್ಲಿ “ನಂಗೆ ಚಹಾ ಆಗಲ್ಲ” ಎಂದಳು. ಪಾಪ, ಅವರು ಹಾಲು ಕಾಯಿಸಿ, ಸಕ್ಕರೆ ಹಾಕಿ, ದೊಡ್ಡ ಗ್ಲಾಸಿನಲ್ಲಿ ತಂದರು.

ಅಷ್ಟರಲ್ಲಿ ಕಾರ ಹುಣ್ಣಿಮೆ ಬಂತು. ಹಿಂದೆ ನಮ್ಮ ಮನೆಯಲ್ಲಿ ಹಟ್ಟಿ ತುಂಬ ಎತ್ತುಗಳಿದ್ದವು. ಈಗ ಟ್ರ್ಯಾಕ್ಟರ್ ಬಂದು, ಮುತ್ಯಾನ ಹಟಕ್ಕೆ ಒಂದು ಜೋಡಿ ದೇವಣಿ ಉಳಿದಿವೆ, ಬಿಳಿ ಮೈಮೇಲೆ ಕರಿ ಮಚ್ಚೆಯವು. ಪ್ರಾಣಿಗೆ ತಿನ್ನಲು ಕೊಡುವ ಚೌಕ ಇನ್ನೂ ಖಾಲಿ ಇದ್ದುದರಿಂದ ಮಕ್ಕಳು ಬೆಳಗ್ಗೆಯೇ ಎದ್ದು ತಯಾರಾದರು. ಎತ್ತಿನ ಮೈ ತೊಳೆದರು, ಕೋಡಿಗೆ ಬಣ್ಣ ಬಳಿದರು, ತಮ್ಮ ಅಂಗಿಗೂ ಬಳಿದುಕೊಂಡರು. ಆಮೇಲೆ ಕಾಕಾ ಬಿದಿರಿನ ಗೊಟ್ಟ ತಂದ. ಇಬ್ಬರು ಆಳುಗಳು ಎತ್ತಿನ ಕತ್ತು ಮೇಲೆತ್ತಿ ಹಿಡಿದರು, ಕಾಕಾ ಬಾಯಿ ಬಿಡಿಸಿ ಗೊಟ್ಟದಿಂದ ಎಣ್ಣೆ ಸುರಿದ. ಎತ್ತು ಕಣ್ಣು ಹೊರಳಿಸಿತು, ಕಾಲು ಝಾಡಿಸಿತು, ಕೊನೆಗೆ ನುಂಗಿತು. ಮಗ ಇದನ್ನೆಲ್ಲ ಬಹಳ ಹೊತ್ತು ನೋಡಿ ಅಕ್ಕನ ಕಿವಿಯಲ್ಲಿ ಹೇಳಿದ: “ಇದಕ್ಕೂ ಆಯಿನೇ ಊಟ ಬಡಿಸಲಿಕ್ಕೆ ಕಲಿಸ್ಯಾಳ.” ಬಂದ ಸ್ವಲ್ಪ ದಿನಗಳಲ್ಲೇ ಅವನ ಕನ್ನಡಕ್ಕೆ ಕಪ್ಪು ಮಣ್ಣು ಹತ್ತಿತ್ತು. ಭಾನುವಾರಗಳ ಕನ್ನಡ ತರಗತಿಯಲ್ಲಿ ವರ್ಷಗಟ್ಟಲೆ ಕುಳಿತರೂ ಹತ್ತದಿದ್ದದ್ದು.

ಓದು ಬಂದದ್ದು ಇನ್ನೊಂದು ದಾರಿಯಿಂದ. ಆಯಿಯ ಅಡುಗೆಮನೆಯ ಮಾಡದಲ್ಲಿ ಸ್ಟೀಲಿನ ಪಾತ್ರೆಗಳ ದಂಡೇ ಇದೆ: ತಾಟು, ತಂಬಿಗೆ, ಕೊಳಗ, ಹಂಡೆ. ಎಲ್ಲವೂ ಯಾವುದೋ ಲಗ್ನದ, ಯಾವುದೋ ತೊಟ್ಟಿಲ ಕಾರ್ಯದ ಆಯೇರಿ. ಒಂದೊಂದರ ಅಂಚಿನ ಮೇಲೂ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳು. ಕೊಟ್ಟವರ ಹೆಸರು, ಊರು, ತಾರೀಖು. ಊಟಕ್ಕೆ ಕುಳಿತಾಗ ಮಾಡಲು ಬೇರೇನೂ ಇಲ್ಲದೆ (ಎದ್ದು ಹೋಗುವ ಹಾಗೂ ಇಲ್ಲ, ರೊಟ್ಟಿ ಬರುತ್ತಲೇ ಇರುತ್ತದೆ) ಮಕ್ಕಳು ತಾಟು ಓದತೊಡಗಿದರು. ಮೊದಲು ಕಮಲನಗರ ಓದಿದರು, ಅದರಲ್ಲಿ ಒತ್ತಕ್ಷರವಿಲ್ಲ. ಆಮೇಲೆ ಔರಾದ, ಹುಮನಾಬಾದ. ಒತ್ತಕ್ಷರ ಕಲಿಸಿದ್ದು ಭಾಲ್ಕಿ. ಮರಾಠಿಯಲ್ಲಿದ್ದ ತಾಟುಗಳಿದ್ದವು, ತೆಲುಗಿನ ತಂಬಿಗೆಯೂ ಒಂದಿತ್ತು. ಬೀದರ ಸೀಮೆಯ ಭಾಷೆಗಳ ಬಗ್ಗೆ ಯಾರಾದರೂ ಸಂಶೋಧನೆ ಮಾಡುವುದಿದ್ದರೆ ನಮ್ಮ ಅಡುಗೆಮನೆಗೆ ಬರಬಹುದು. ಬರುವಾಗ ಹೊಟ್ಟೆ ಖಾಲಿ ಇಟ್ಟುಕೊಂಡು ಬರಲಿ.

ಮಗಳಿಗೆ ಅನುಮಾನ ಹುಟ್ಟಿದ್ದು ಆಗಲೇ. “ಆಯಿ, ಇಷ್ಟೆಲ್ಲಾ ಯಾರು ಕೊಟ್ಟಾರ ಅಂತ ನೆನಪು ಹ್ಯಾಂಗ ಇಡ್ತಿ?”

ಆಯಿ ಸೊಂಟದಿಂದ ಬೀಗದ ಕೈ ತೆಗೆದು, ದಯೆಯ ಹಾಳೆ ಅಂಟಿಸಿದ್ದ ಅದೇ ತಿಜೋರಿಯ ಬಾಗಿಲು ತೆರೆದು, ಒಳಗಿನಿಂದ ಕೆಂಪು ಬಟ್ಟೆ ಸುತ್ತಿದ ವಹಿ ತೆಗೆದಳು.

ನಾನೂ ಅದನ್ನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಮೊದಲ ಹಾಳೆಗಳು ನನ್ನ ಅಜ್ಜನ ಕೈಬರಹ, ಉರ್ದುವಿನಲ್ಲಿ. ಅವನು ಸಾಲಿ ಕಲಿತದ್ದು ನಿಜಾಮನ ಕಾಲದಲ್ಲಿ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳಿಕೆ ಮುಗಿಯಿತು, 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಬಂತು. ಅಜ್ಜನ ಆಯೇರಿಯ ಲೆಕ್ಕ ಮಾತ್ರ ಅವನು ಇರುವವರೆಗೂ ಉರ್ದುವಿನಲ್ಲೇ ನಡೆಯಿತು. ಆಮೇಲೆ ಮುತ್ಯಾನ ಕನ್ನಡ, ಈಚಿನ ಹಾಳೆಗಳಲ್ಲಿ ತಮ್ಮನ ನೀಲಿ ಬಾಲ್‌ಪೆನ್ನು. ಸರಕಾರ ಬದಲಾಯಿತು, ಲಿಪಿ ಬದಲಾಯಿತು, ಖಾನೆಗಳು ಬದಲಾಗಿಲ್ಲ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಉರ್ದು ಹಾಳೆ ಓದಲು ಪಕ್ಕದ ಓಣಿಯ ಮಾಸ್ತರ್ ಚಾಚಾ ಬಂದರು. ಕನ್ನಡಕ ಏರಿಸಿ ಮೊದಲು ಹುಡುಕಿದ್ದು ತಮ್ಮ ಮನೆಯ ಹೆಸರನ್ನು. ಅವರ ಅಪ್ಪ ಕೊಟ್ಟ ದಸ್ತಿಯೊಂದು ದಾಖಲಾಗಿರುವುದನ್ನು ಕಂಡು ಸಮಾಧಾನವಾಗಿ, ಆಮೇಲೆ ಉಳಿದವರದನ್ನು ಓದಿದರು.

ಮಕ್ಕಳು ಬಾಯಿ ತೆರೆದು ಕುಳಿತಿದ್ದರು. “ಮಮ್ಮೀ, ಆಯಿ ಹತ್ರ ನಮಗಿಂತ ದೊಡ್ಡ ಚಾರ್ಟ್ ಇದೆ!”

ಆ ಸಂಜೆಯಿಂದ ಹೆಂಡತಿ ಅತ್ತೆಯನ್ನು ನೋಡುವ ನೋಟವೇ ಬೇರೆಯಾಯಿತು. ಅದುವರೆಗೆ ಆಯಿ ಅವಳಿಗೆ ‘ಅವಕಾಶ’ ಆಗಿದ್ದಳು, ಈಗ ವೃತ್ತಿಬಾಂಧವಿ.

ನಡುವೆ ಒಂದು ದಿನ ಬೀದರಿನ ಗುರುನಾನಕ್ ಝೀರಾಕ್ಕೆ ಹೋದೆವು. ನೀರಿಲ್ಲದ ಊರಲ್ಲಿ ಗುರುನಾನಕರು ಕಾಲಿನಿಂದ ಕಲ್ಲು ಸರಿಸಿದ್ದಕ್ಕೆ ಸಿಹಿನೀರಿನ ಬುಗ್ಗೆ ಹೊರಟಿತು ಎಂಬ ನಂಬಿಕೆಯ ಜಾಗ. ಲಂಗರಿನಲ್ಲಿ ಕುಳಿತು ಉಂಡೆವು. ಮನೆಯಲ್ಲಿ ಒಂದು ಚಮಚ ತೊಳೆಯಲು ಚುಕ್ಕಿ ಕೇಳುವ ನನ್ನ ಮಕ್ಕಳು ತಾಟು ತೊಳೆಯುವ ಸಾಲಿನಲ್ಲಿ ಜಾಗಕ್ಕಾಗಿ ಪಂಜಾಬಿನಿಂದ ಬಂದ ಮಕ್ಕಳೊಂದಿಗೆ ನುಗ್ಗಾಡಿದರು. ತೊಳೆದ ತಾಟನ್ನು ಮಗಳು ಅಂಚು ತಿರುಗಿಸಿ ತಿರುಗಿಸಿ ನೋಡಿದಳು. “ಇದರ ಮ್ಯಾಲ ಯಾರ ಹೆಸರೂ ಇಲ್ಲ, ಆಯಿ.”

ಆಯಿಗೂ ಅದು ವಿಚಿತ್ರ ಅನ್ನಿಸಿರಬೇಕು. ಸ್ವಲ್ಪ ತಡೆದು ಹೇಳಿದಳು: “ಕೊಟ್ಟಾವ್ರು ಭಾಳ ಮಂದಿ ಆದ್ರ ತಾಟ್ ಸಾಲೂದಿಲ್ಲವ್ವ.”

ಭಾಲ್ಕಿಯ ಹಿರೇಮಠಕ್ಕೂ ಹೋದೆವು. ನಿಜಾಮನ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕತೆಯನ್ನು ಮುತ್ಯಾ ಮಕ್ಕಳಿಗೆ ಹೇಳಿದ. ಮಗಳು ಸಹಜವಾಗಿ ಕೇಳಿದಳು: “ನಮ್ಮ ಮನೆಯಲ್ಲಿ ಉಲ್ಟಾ ಅಲ್ವಾ ಅಪ್ಪಾ? ಹೊರಗೆ ಕನ್ನಡ ಬೋರ್ಡು, ಒಳಗೆ ಇಂಗ್ಲಿಷು?” ಟೆಕ್ಸಾಸಿನ ನಮ್ಮ ಬಾಗಿಲಿಗೆ ‘ಸುಸ್ವಾಗತ’ ಎಂಬ ಫಲಕ ತೂಗಿಹಾಕಿರುವುದು ನಿಜ. ಮುತ್ಯಾ ನನ್ನ ಕಡೆ ನೋಡಿದ, ನಾನು ಮಠದ ಗೋಪುರ ನೋಡಿದೆ. ಹೆತ್ತವರು ಬಿಟ್ಟುಹೋದ ಮಕ್ಕಳನ್ನು ಈ ಮಠ ಸಾಕಿ ಓದಿಸುತ್ತದೆ. ಅಲ್ಲಿ ಹಂಚಲೆಂದು ನಮ್ಮವರು ಚಾಕೊಲೇಟಿನ ಚೀಲ ತಂದಿದ್ದರು. ಹಂಚಿಸಿಕೊಂಡ ಮಕ್ಕಳಲ್ಲಿ ಒಬ್ಬ ತನ್ನದನ್ನು ಮುರಿದು ಅರ್ಧ ನನ್ನ ಮಗನ ಬಾಯಿಗೇ ಇಟ್ಟ. ಚುಕ್ಕಿ ಯಾರಿಗೆ ಎಂಬ ಪ್ರಶ್ನೆ ಕಾರಿನಲ್ಲಿ ಜನವಾಡದವರೆಗೂ ನಡೆಯಿತು. ತೀರ್ಪು ಬರಲಿಲ್ಲ.

ಅಷ್ಟರೊಳಗೆ ಮಗಳು ವಹಿಯ ಲೆಕ್ಕ ತಪಾಸಣೆ ಶುರುಮಾಡಿದ್ದಳು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಬಂದು ಆಯಿಯನ್ನು ಎಬ್ಬಿಸಿದಳು. ಔರಾದದ ಒಂದು ಮನೆತನ ಮುತ್ಯಾನ ಲಗ್ನಕ್ಕೆ ಹಿತ್ತಾಳೆ ಕೊಡ ಕೊಟ್ಟಿದೆ, ನನ್ನ ತಂಗಿಯ ಲಗ್ನಕ್ಕೆ ಹಂಡೆ, ನನ್ನ ಲಗ್ನಕ್ಕೆ ಗೋಡೆ ಗಡಿಯಾರ. ನಾವು ತಿರುಗಿ ಕೊಟ್ಟಿರುವುದು ಒಂದು ಟಾವೆಲ್ಲು, ಒಂದು ಟೊಪ್ಪಿಗೆ.

ಆಯಿಯ ಮುಖ ಸಣ್ಣದಾಯಿತು. “ಅವರ ಮನ್ಯಾಗ ಲಗ್ನಾನೇ ಆಗಿಲ್ಲವ್ವ. ನಾವರೇ ಏನ್ ಮಾಡೂದು?”

ಕಾಕಾ ಫೋನ್ ಮಾಡಿ ವಿಚಾರಿಸಿದ. ಆ ಮನೆಯ ಮೊಮ್ಮಗಳ ಲಗ್ನ ಮಣ್ಣೆತ್ತಿನ ಅಮಾವಾಸ್ಯೆಯ ಮುಂಚೆಯೇ ಇತ್ತು. ಆಷಾಢ ಹತ್ತುವ ಮೊದಲು ಮುಗಿಸುವ ಅವಸರ. ಪತ್ರಿಕೆಯೂ ಬಂದಿತ್ತಂತೆ, ಕಾಕಾ ಟ್ರ್ಯಾಕ್ಟರಿನ ಸೀಟಿನ ಕೆಳಗೆ ಇಟ್ಟು ಮರೆತಿದ್ದ. ಬೀದರಿಗೆ ಹೋಗಿ ಸೀರೆ ತಂದೆವು, ದೊಡ್ಡದೊಂದು ಕೊಳಗ ತಂದೆವು. ಅಂಗಡಿಯವನ ಮುಂದೆ ನಿಂತು ಅದರ ಮೇಲೆ ಹೆಸರು ಹೊಡೆಸಿದ್ದು ಮಗಳು. ದೀರ್ಘ ಬಿಟ್ಟುಹೋಗಿದೆ ಎಂದು ಒಮ್ಮೆ ತಿದ್ದಿಸಿದಳು ಕೂಡ. ಹೆಂಡತಿ ಚುಕ್ಕಿಯ ಪೊಟ್ಟಣವನ್ನು ಪರ್ಸಿನಲ್ಲಿ ಹಾಕಿಕೊಂಡಳು. ಈ ಒಂದು ಕೆಲಸಕ್ಕೆ ಹಾಳೆ ಪೂರ್ತಿ ತುಂಬಿಸುವ ಯೋಚನೆ ಅವಳಿಗಿತ್ತು.

ಮಾಂಜ್ರಾದ ಸೇತುವೆ ದಾಟಿ ಔರಾದ ಮುಟ್ಟಿದೆವು. ಉಂಡೆವು, ಅಕ್ಷತೆ ಹಾಕಿದೆವು, ಆಯೇರಿ ಮಾಡಿದೆವು. ಮೈಕಿನಲ್ಲಿ ನಮ್ಮ ಹೆಸರು, ಜನವಾಡ ಎಂಬುದರ ಹಿಂದೆ ಅಮೆರಿಕ ಸೇರಿಸಿ, ಎರಡು ಸಲ ಕೂಗಿದರು. ಮಗಳು ನಿಟ್ಟುಸಿರು ಬಿಟ್ಟು ಕೈಯಲ್ಲಿದ್ದ ಚೀಟಿಯ ಮೇಲೆ ಗೆರೆ ಎಳೆದಳು. ಅದೇ ಹೊತ್ತಿಗೆ ಮದುಮಗಳ ಮುತ್ಯಾ ಒಳಗಿನಿಂದ ಬಂದ. ಅಷ್ಟು ದೂರದಿಂದ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದವರನ್ನು ಬರಿಗೈಲಿ ಕಳಿಸುವುದುಂಟೇ? ನನ್ನ ಹೆಂಡತಿಗೆ ಸೀರೆ, ಆಯಿಗೆ ಸೀರೆ, ನನಗೂ ತಮ್ಮನಿಗೂ ಶರ್ಟಿನ ಬಟ್ಟೆ, ನಮ್ಮ ಮುತ್ಯಾನಿಗೆ ಧೋತರ, ಮಕ್ಕಳ ಕೈಗೆ ನೋಟು. ಮಗಳು ಬ್ಯಾಡ ಎಂದಳು. ಮತ್ತೆ ಬ್ಯಾಡ ಎಂದಳು. ಮೂರನೆಯ ಸಲ ಅವನು ನೋಟಿನ ಜೊತೆಗೆ ಒಂದು ಬುಟ್ಟಿ ಬುಂದಿ ಉಂಡಿ ತರಿಸಿದ.

ತಿರುಗಿ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮಗಳು ಲೆಕ್ಕ ಹಾಕಿದಳು. ಎರಡು ಸಲ ಹಾಕಿದಳು.

“ಅಪ್ಪಾ, ಬರುವಾಗ ಇದ್ದುದಕ್ಕಿಂತ ಈಗ ನಮ್ಮ ಸಾಲ ಜಾಸ್ತಿ ಆಗಿದೆ! ಗಾಡಿ ತಿರುಗಿಸು, ವಾಪಸ್ ಕೊಟ್ಟು ಬರೋಣ.”

ಕಾಕಾ ನಗುವಿನ ಭರಕ್ಕೆ ಗಾಡಿಯನ್ನೇ ಬದಿಗೆ ನಿಲ್ಲಿಸಬೇಕಾಯಿತು. ಆಯಿ ನಗಲಿಲ್ಲ. ಉಂಡಿಯೊಂದನ್ನು ಮುರಿದು ಮೊಮ್ಮಗಳ ಬಾಯಿಗಿಡುತ್ತ ಹೇಳಿದಳು:

“ಮನಿಗಿ ಹೋಗಿ ಮೊದಲ ವಹಿದಾಗ ಬರಿ, ಮರೀಬ್ಯಾಡ. ಅವರ ತಮ್ಮನ ಮಗಂದು ತುಳಸಿ ಲಗ್ನ ಆದಮ್ಯಾಲ ಭಾಲ್ಕಿದಾಗ ಲಗ್ನ ಅದಾ. ಬಂದು ತೀರಿಸು.”

“ಆಯಿ, ಆಗ ನನಗೆ ಸ್ಕೂಲ್ ಇರ್ತದ!”

“ಸಾಲಿ ದಿನಾ ಇರ್ತದವ್ವ. ಲಗ್ನ ದಿನಾ ಇರ್ತಾವೇನು?”