ಕಾರ್ಬೊರೇಟರ್ ಪ್ರಸಂಗ

ಕನ್ನಡ ಸಂಘಗಳಲ್ಲಿ ಹುದ್ದೆಗಳು ಅರ್ಹತೆ ನೋಡಿ ಬರುವುದಿಲ್ಲ, ಗೈರುಹಾಜರಿ ನೋಡಿ ಬರುತ್ತವೆ. ಕೆ.ಆರ್. ಪುರದ ನಮ್ಮ ಲೇಔಟಿನ ಸಂಘದ ಸಭೆಗೆ ಒಂದು ಭಾನುವಾರ ನಾನು ಹೋಗಿರಲಿಲ್ಲ; ಸಂಜೆಯ ಹೊತ್ತಿಗೆ ಸಂಘದ ತಾಂತ್ರಿಕ ಸಲಹೆಗಾರನಾಗಿದ್ದೆ. ಅರ್ಹತೆಯೇ ಇರಲಿಲ್ಲ ಎನ್ನುವಂತೆಯೂ ಇಲ್ಲ. ಹಿಂದಿನ ವರ್ಷ ಮೈಕು ಕೆಟ್ಟಾಗ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದವನು ನಾನೇ. ಮೇಲಾಗಿ ಬ್ಯಾಂಕಿನಲ್ಲಿ ಸಣ್ಣ ಕೈಗಾರಿಕೆ ಸಾಲದ ಮೇಜಿನ ಹಿಂದೆ ಕೂತು, ಲೇತು, ಡ್ರಿಲ್ಲಿಂಗ್ ಮಿಷನ್ನುಗಳ ಕೊಟೇಶನ್ ಓದಿ ಓದಿ, ಅರ್ಧ ಎಂಜಿನಿಯರ್ ಆಗಿಬಿಟ್ಟಿದ್ದೇನೆಂಬ ನಂಬಿಕೆ ನನಗಿತ್ತು. ಆ ಅರ್ಧ ಯಾವುದೆಂದು ನವೆಂಬರ್ 1ರಂದು ಲೇಔಟಿಗೆಲ್ಲ ತಿಳಿಯಿತು.

ಸಂಘದ ಆಸ್ತಿ ಎಂದರೆ ಒಂದು ಧ್ವಜಸ್ತಂಭ, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ, ಭುವನೇಶ್ವರಿಯ ಪಟ, ಮತ್ತು ಎರಡು ಕೆವಿಎ ಪೆಟ್ರೋಲ್ ಜನರೇಟರ್. ರಾಜ್ಯೋತ್ಸವಕ್ಕೆ ಒಂದು ವಾರವಿರುವಾಗ ಸ್ಟಾರ್ಟ್ ಮಾಡಿ ನೋಡಿದರೆ ಕಾರ್ಬೊರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಮೆಕ್ಯಾನಿಕ್ಕನ್ನು ಕರೆಸೋಣ ಎಂದರು ಅಧ್ಯಕ್ಷರು. “ಇಷ್ಟಕ್ಕೆಲ್ಲ ಮೆಕ್ಯಾನಿಕ್ ಯಾಕೆ ಸಾರ್? ನಾನಿಲ್ವಾ?” ಎಂದೆ. ಅಧ್ಯಕ್ಷರು ಒಳ್ಳೆಯವರು, ನಂಬಿದರು.

ಆ ರಾತ್ರಿ ಮೊಬೈಲಿನಲ್ಲಿ ಎಂಜಿನ್ನಿನ ವಂಶವೃಕ್ಷವನ್ನೇ ಜಾಲಾಡಿದೆ. ಹೋಂಡಾದವರು 1983ರಲ್ಲಿ ಜಿಎಕ್ಸ್ ಎಂಬ ಸಣ್ಣ ಎಂಜಿನ್ನುಗಳ ಸಾಲನ್ನು ಹೊರತಂದರು. ನೀರಿನ ಪಂಪು, ಟಿಲ್ಲರು, ಜನರೇಟರು, ಎಲ್ಲದಕ್ಕೂ ಹೊಂದುವ ಗಟ್ಟಿ ಕುಳ ಅದು. ಅದರಲ್ಲಿ ಜಿಎಕ್ಸ್160 ಎಂಬ 163 ಸಿಸಿಯದು ಎಷ್ಟು ಹೆಸರು ಮಾಡಿತೆಂದರೆ ಚೀನಾದ ಕಾರ್ಖಾನೆಗಳು ಅದರ ಪಡಿಯಚ್ಚು ತೆಗೆದು 168ಎಫ್ ಎಂದು ಕರೆದವು. 1 ಎಂದರೆ ಒಂದು ಸಿಲಿಂಡರು, 68 ಎಂದರೆ ಮಿಲಿಮೀಟರಿನಲ್ಲಿ ಬೋರು, ಎಫ್ ಎಂದರೆ ಗಾಳಿಯಿಂದ ತಣಿಯುವಂಥದ್ದು. ಅಳತೆ ಒಂದೇ ಆದ್ದರಿಂದ ಇದರ ಸಾಮಾನು ಅದಕ್ಕೂ, ಅದರ ಸಾಮಾನು ಇದಕ್ಕೂ ಬಹುಮಟ್ಟಿಗೆ ಕೂರುತ್ತವೆ. ನಮ್ಮ ಜನರೇಟರಿನ ಎಂಜಿನ್ನೂ ಈ ಕುಲದ್ದೇ. ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ರೀ, ಸಿಂಕಿನ ನಲ್ಲೀನೂ ತೊಟ್ಟಿಕ್ಕುತ್ತಾ ಇದೆ. ಅದೆಷ್ಟು ಸಿಸಿ ಅಂತ ನೋಡಿ” ಎಂದಳು.

ಬೆಳಿಗ್ಗೆ ಹಳೆಯ ಕಾರ್ಬೊರೇಟರ್ ಕಳಚಿ, ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಮೆಟ್ರೋ ನಿಲ್ದಾಣಕ್ಕೆ ಹೋದೆ. ಸೆಕ್ಯುರಿಟಿಯವರು ಕವರು ಮೂಸಿದರು.

“ಏನ್ ಸಾರ್ ಇದು?”

“ಕಾರ್ಬೊರೇಟರ್.”

“ಪೆಟ್ರೋಲ್ ವಾಸನೆ ಬರ್ತಾ ಇದೆ.”

“ಅದರ ಕೆಲಸಾನೇ ಅದು.”

ಈ ಉತ್ತರಕ್ಕೆ ಮೆಟ್ರೋ ನಿಯಮಾವಳಿಯಲ್ಲಿ ಜಾಗವಿಲ್ಲವಂತೆ. ಹೊರಗೆ ಬಂದು ಶಿವಾಜಿನಗರದ ಬಸ್ಸು ಹತ್ತಿದೆ. ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ಬಸ್ಸು ನಿಂತಷ್ಟು ಹೊತ್ತೂ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಎದ್ದು ಹಿಂದಕ್ಕೆ ಹೋದರು. ಹಲಸೂರಿಗೆ ಬರುವಷ್ಟರಲ್ಲಿ ಇಡೀ ಸೀಟು ನನ್ನದಾಗಿತ್ತು.

1927ರ ರಸೆಲ್ ಮಾರ್ಕೆಟ್ಟನ್ನು ಹೂವು, ಹಣ್ಣು, ಮೀನಿಗೆಂದು ಬಲ್ಲವರಿಗೆ ಶಿವಾಜಿನಗರದ ಗುಜರಿ ಗಲ್ಲಿಗಳು ಬೇರೆಯೇ ಲೋಕ. ಬಾಗಿಲಲ್ಲಿ ಸೈಲೆನ್ಸರುಗಳ ತೋರಣ, ಒಳಗೆ ಗೇರ್‌ಬಾಕ್ಸುಗಳ ಗುಡ್ಡೆ. ಇಲ್ಲಿನವರಿಗೆ ಹೊರದೇಶದ ಮಾಲಿನ ಮೇಲೆ ದ್ವೇಷವೇನೂ ಇಲ್ಲ. ಯಮಹಾ ಆರ್‌ಎಕ್ಸ್100 ಗಾಡಿ 1996ರಲ್ಲೇ ನಿಂತುಹೋದರೂ ಅದರ ‘ಜಪಾನ್ ಬೋರ್’ ಇದೆ ಎಂದರೆ ಹುಡುಗರು ಇವತ್ತಿಗೂ ಕೇಳಿದಷ್ಟು ಕೊಡುತ್ತಾರೆ. ನಾನು ಹೊಕ್ಕ ಅಂಗಡಿಯ ಸಾಹೇಬರು ಕವರಿನೊಳಗೆ ಒಮ್ಮೆ ಇಣುಕಿ, ಮಾಲನ್ನು ಮುಟ್ಟದೆಯೇ ಗುರುತಿಸಿದರು.

“ಒರಿಜಿನಲ್ ಬೇಕಾ, ಕಂಪನಿದು ಬೇಕಾ, ಡೆಲ್ಲಿದು ಬೇಕಾ, ಚೈನಾ ಬೇಕಾ ಸಾರ್?”

“ಒರಿಜಿನಲ್ ಎಷ್ಟು?”

“ಮೂರು ಸಾವಿರದ ಇನ್ನೂರು. ತರಿಸಿ ಕೊಡ್ತೀನಿ, ನಾಲ್ಕು ದಿನ ಬೇಕು.”

“ಚೈನಾ?”

“ಚೈನಾದಲ್ಲಿ ಎರಡು ಇದೆ. ಒಂದು ಸಾವಿರ, ಒಂದು ಆರುನೂರು.”

“ಎರಡಕ್ಕೂ ಏನು ವ್ಯತ್ಯಾಸ?”

“ನಾನೂರು ರೂಪಾಯಿ.”

ಆಮೇಲೆ ನಡೆದ ಚೌಕಾಸಿಯನ್ನು ಸಂಘದ ಇತಿಹಾಸದಲ್ಲಿ ದಾಖಲಿಸಬೇಕಿತ್ತು. ಆರುನೂರನ್ನು ಐನೂರಕ್ಕೆ ತಂದೆ. ಹೊಸಿಲು ದಾಟಿದಂತೆ ಮಾಡಿ ನಾನೂರ ಐವತ್ತಕ್ಕೆ ತಂದೆ. ಆಗ ಸಾಹೇಬರು ಮೇಜಿನ ಮೇಲಿದ್ದ ಕಾರ್ಬೊರೇಟರನ್ನು ಮೆಲ್ಲಗೆ ಒಳಗಿಟ್ಟು ಇನ್ನೊಂದನ್ನು ತೆಗೆದರು. ಗೆದ್ದವರು ಇಂಥ ಸಣ್ಣಪುಟ್ಟ ವಿಷಯ ಗಮನಿಸುವುದಿಲ್ಲ.

“ಯಾವ ಡಬ್ಬಿಗೆ ಹಾಕಿ ಕೊಡಲಿ ಸಾರ್?”

“ಯಾವ್ಯಾವುದಿದೆ?”

“ಎಲ್ಲಾ ಕಂಪನಿದೂ ಇದೆ.”

ಹಾಲೊಗ್ರಾಮ್ ಇರುವ ಡಬ್ಬಿ ಆರಿಸಿಕೊಂಡೆ. ಸಂಜೆ ಕಾರ್ಯಕಾರಿ ಸಮಿತಿಯ ಮುಂದೆ ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಾಗ ಖಜಾಂಚಿಯವರ ಕಣ್ಣಲ್ಲಿ ನೀರಾಡಿತು. ಉಳಿತಾಯದ ಮೊತ್ತ ಕೇಳಿ ಬಂದ ನೀರು ಅದು.

ಜೋಡಿಸುವುದು ಕಷ್ಟವಾಗಲಿಲ್ಲ. ನಟ್ಟುಗಳು ಎರಡೇ. ಎಲ್ಲ ಮುಗಿದ ಮೇಲೆ ಒಂದು ಪ್ಯಾಕಿಂಗ್ ಕೈಯಲ್ಲಿ ಮಿಕ್ಕಿತು. ಕಾರ್ಖಾನೆಯವರು ಧಾರಾಳಿಗಳು, ಸ್ಪೇರ್ ಇಟ್ಟಿದ್ದಾರೆ ಎಂದುಕೊಂಡು ಅದನ್ನು ಜೋಪಾನವಾಗಿ ಎತ್ತಿಟ್ಟೆ. ಹಗ್ಗ ಎಳೆದೆ, ಸ್ಟಾರ್ಟ್ ಆಯಿತು. ಎರಡು ನಿಮಿಷ ಓಡಿಸಿ ಆಫ್ ಮಾಡಿದೆ. ಬಲ್ಬು ಹಾಕಿ, ಲೋಡು ಕೊಟ್ಟು ನೋಡಬೇಕೆಂಬ ಸಲಹೆಯನ್ನು ತಾಂತ್ರಿಕ ಸಲಹೆಗಾರನಿಗೆ ಕೊಡುವ ಧೈರ್ಯ ಯಾರಿಗಿತ್ತು?

ನವೆಂಬರ್ 1ರ ಸಂಜೆ. ವೇದಿಕೆಯಲ್ಲಿ ಹಳದಿ-ಕೆಂಪು ಬಟ್ಟೆ, ಬದಿಯಲ್ಲಿ ಆರ್ಕೆಸ್ಟ್ರಾ, ಹಿಂದೆ ದೊಡ್ಡ ಸ್ಟೌವಿನ ಮೇಲೆ ಚಿತ್ರಾನ್ನದ ಒಗ್ಗರಣೆ. ಮುಖ್ಯ ಅತಿಥಿಗಳು ಏಕೀಕರಣದ ಚರಿತ್ರೆ ಹೇಳುತ್ತ ಹರಿದು ಹಂಚಿಹೋಗಿದ್ದ ಕನ್ನಡನಾಡನ್ನು ಒಂದೊಂದೇ ಪ್ರಾಂತ್ಯವಾಗಿ ಜೋಡಿಸಿ, 1956ಕ್ಕೆ ತಂದು ನಿಲ್ಲಿಸಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ನಾನು ಎದ್ದು ಹೋಗಿ ಒಂದೇ ಎಳೆತಕ್ಕೆ ಜನರೇಟರ್ ಸ್ಟಾರ್ಟ್ ಮಾಡಿದೆ. ದೀಪಗಳು ಹತ್ತಿದವು, ಚಪ್ಪಾಳೆ ಬಿತ್ತು. ವೇದಿಕೆಯತ್ತ ತಿರುಗಿ ಕೈಮುಗಿದೆ. ಆ ಫೋಟೋ ನನ್ನ ಬಳಿ ಇದೆ; ಮುಖ ಸ್ಪಷ್ಟವಾಗಿ ಬಂದಿದೆ, ಏಕೆಂದರೆ ಆ ಕ್ಷಣ ವೋಲ್ಟೇಜು ವಿಪರೀತ ಏರಿತ್ತು.

ಇಂಥ ಜನರೇಟರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಕರೆಂಟು 50 ಹರ್ಟ್ಸಿನಲ್ಲಿ ಬರುತ್ತದೆ. ಸುತ್ತು ಏರಿದರೆ ವೋಲ್ಟೇಜೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಕೂದಲೆಳೆಯಷ್ಟು ಸಂದಿಯಿದ್ದರೂ ಲೆಕ್ಕಕ್ಕಿಲ್ಲದ ಗಾಳಿ ನುಗ್ಗಿ ಪೆಟ್ರೋಲು ಸಾಲದಾಗುತ್ತದೆ. ಎಂಜಿನ್ ಕುಸಿಯುತ್ತದೆ. ವೇಗ ಕಾಯುವ ಗವರ್ನರ್ ಎಂಬ ಭಾಗ ಗಾಬರಿಬಿದ್ದು ಥ್ರಾಟಲ್ ತೆರೆಯುತ್ತದೆ. ಎಂಜಿನ್ ಅರಚಿಕೊಂಡು ಏರುತ್ತದೆ, ಮತ್ತೆ ಕುಸಿಯುತ್ತದೆ. ಮೆಕ್ಯಾನಿಕ್ಕುಗಳು ಇದಕ್ಕೆ ಹಂಟಿಂಗ್ ಎನ್ನುತ್ತಾರೆ. ನಮ್ಮ ವೇದಿಕೆಯಲ್ಲಿ ಅತಿಥಿಗಳ ಮುಖ ಒಮ್ಮೆ ಸೂರ್ಯೋದಯ, ಒಮ್ಮೆ ಸೂರ್ಯಾಸ್ತ. ಕುಸಿತಕ್ಕೊಮ್ಮೆ ಸತ್ತು ಹುಟ್ಟುತ್ತಿದ್ದ ಕೀಬೋರ್ಡು, ಹುಟ್ಟಿದಾಗಲೆಲ್ಲ ತನ್ನ ಮೂಲ ಪಿಯಾನೊ ಸ್ವರಕ್ಕೇ ಮರಳುತ್ತಿತ್ತು. ಅದನ್ನು ಮತ್ತೆ ಶಹನಾಯಿಗೆ ತಿರುಗಿಸಿ ತಿರುಗಿಸಿ ಸೋತ ಹುಡುಗ ಕೊನೆಗೆ ಕೈಕಟ್ಟಿ ಕೂತ.

“ಸಾರ್, ಪೆಟ್ರೋಲ್ ಸೋರ್ತಾ ಇದೆ!” ಎಂದು ಅಡುಗೆಯವರು ಕೂಗಿದ್ದು ಆಗ. ಅವರ ಸ್ಟೌವಿಗೂ ನನ್ನ ಜನರೇಟರಿಗೂ ನಡುವೆ ಒಂದು ಕುರ್ಚಿಯಷ್ಟೇ ಅಂತರವಿತ್ತು. ಸ್ಟೌ ಆರಿಸಿದರು, ನಾನು ಎಂಜಿನ್ ಆರಿಸಿದೆ, ಯಾರೋ ಮರಳು ಸುರಿದರು. ಮುಖ್ಯ ಅತಿಥಿಗಳು 1973ಕ್ಕೆ ತಲುಪಲೇ ಇಲ್ಲ. ನಮ್ಮ ಲೇಔಟಿನ ಮಟ್ಟಿಗೆ ರಾಜ್ಯದ ಹೆಸರು ಇನ್ನೂ ಮೈಸೂರು. ಮೊಬೈಲ್ ಬೆಳಕಿನಲ್ಲಿ ಅರೆಬೆಂದ ಒಗ್ಗರಣೆಯ ಚಿತ್ರಾನ್ನ ತಿನ್ನುತ್ತ ಎದುರುಮನೆಯ ಅಜ್ಜಿ ಮಾತ್ರ, “ಭಾಷಣ ಬೇಗ ಮುಗಿಸಿದ್ಯಪ್ಪ, ನಿನಗೆ ಪುಣ್ಯ ಬರಲಿ” ಎಂದು ಹರಸಿದರು.

ಮರುದಿನ ಅಧ್ಯಕ್ಷರೇ ಹಲಸೂರಿನ ಸೋಮೇಶ್ವರ ದೇವಸ್ಥಾನದ ಹತ್ತಿರದ ಗಲ್ಲಿಯ ಒಂದು ಲೇತಿನ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದರು. ಅಂಗಡಿಯ ಹಿರಿಯರು ಒಂದು ಕಾಲದಲ್ಲಿ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ನಡೆದ ಆ ಕಾರ್ಖಾನೆ ಬಾಗಿಲು ಹಾಕಿ ಬಹಳ ಕಾಲವಾದರೂ ಅವರ ಅಳತೆಯ ಶಿಸ್ತಿಗೆ ಇನ್ನೂ ಲಾಕೌಟ್ ಆಗಿಲ್ಲ. ನನ್ನ ಹಾಲೊಗ್ರಾಮ್ ಡಬ್ಬಿಯನ್ನು ಅವರು ನೋಡಲೇ ಇಲ್ಲ. ಕಾರ್ಬೊರೇಟರನ್ನು ಬಿಚ್ಚಿ ಮೈನ್ ಜೆಟ್ ತೆಗೆದು ಟಾರ್ಚಿನ ಎದುರು ಹಿಡಿದು, “ನೋಡಿ ಸಾರ್” ಎಂದರು. ಒಂದು ಮಿಲಿಮೀಟರಿಗೂ ಕಡಿಮೆಯ ತೂತು. ನಡುವಿನಿಂದ ಒಂದು ಬದಿಗೆ ವಾಲಿತ್ತು. ಒಳಗೆ ಹಿತ್ತಾಳೆಯ ಒಂದು ಎಸಳು, ಕೊರೆದ ಮೇಲೆ ಯಾರೂ ಒರೆಸದೆ ಬಿಟ್ಟದ್ದು, ಹಾಗೇ ನಿಂತಿತ್ತು. ಆಮೇಲೆ ಕಾರ್ಬೊರೇಟರಿನ ಮುಖವನ್ನು ಒಂದು ಗಾಜಿನ ತುಂಡಿನ ಮೇಲೆ ಮಲಗಿಸಿ ಬೆರಳಿನಿಂದ ಒತ್ತಿದರು. ಮೂಲೆಯಿಂದ ಮೂಲೆಗೆ ಟಕ್ ಟಕ್ ಎಂದು ಅಲುಗಾಡಿತು. “ಫೇಸೇ ಲೆವೆಲ್ ಇಲ್ಲ. ಪ್ಯಾಕಿಂಗ್ ಬೇರೆ ಹಾಕಿಲ್ಲ. ಗಾಳಿ ಹೊಡೀದೆ ಇನ್ನೇನ್ ಮಾಡುತ್ತೆ?” ಕೊನೆಗೆ ಫ್ಲೋಟಿನ ಪಿನ್ನು. ಪೆಟ್ರೋಲು ತುಂಬಿದ ಕೂಡಲೇ ದಾರಿ ಮುಚ್ಚಬೇಕಾದ ಅದರ ರಬ್ಬರಿನ ತುದಿ ಊದಿಕೊಂಡು ಸೊಟ್ಟಗಾಗಿತ್ತು.

“ಈಗಿನ ಪೆಟ್ರೋಲಲ್ಲಿ ಎಥನಾಲ್ ಇರುತ್ತೆ. ಕಳಪೆ ರಬ್ಬರ್ ತಡೆಯಲ್ಲ” ಎಂದರು. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಆ ಸುದ್ದಿ ನನ್ನ ಕಾರ್ಬೊರೇಟರ್ ಮಾಡಿದ ಕಾರ್ಖಾನೆಗೆ ಮುಟ್ಟಿರಲಿಲ್ಲ.

“ಈ ಚೈನಾದವರು ಹಾಳಾಗಲಿ” ಎಂದೆ, ತಾಂತ್ರಿಕವಾಗಿ.

ಹಿರಿಯರು ತಮ್ಮ ಡಿಜಿಟಲ್ ವರ್ನಿಯರನ್ನು ನನ್ನ ಕೈಗೆ ಕೊಟ್ಟರು. ಹಿಂದೆ ಮೇಡ್ ಇನ್ ಚೈನಾ ಎಂದಿತ್ತು. “ಇದೂ ಅಲ್ಲಿಂದಾನೇ ಬಂದಿದ್ದು ಸಾರ್. ಇದಕ್ಕೆ ಕೇಳಿದಷ್ಟು ದುಡ್ಡು ಕೊಟ್ಟಿದ್ದೀನಿ. ಸ್ಪಾರ್ಕ್ ಪ್ಲಗ್ ಮಾಡೋದನ್ನ ಮೈಕೋದವರು 1951ರಲ್ಲಿ ಕಂಪನಿ ಶುರುಮಾಡಿ ನಮ್ಮೂರಿಗೇ ತಂದರು, ಡಿಸೈನು ಜರ್ಮನಿದು. ಎಲ್ಲಿ ಮಾಡಿದರು ಅನ್ನೋದು ಬೇಡ, ಅಳತೆ ನೋಡಿ ಆಚೆ ಬಿಟ್ಟಿದ್ದಾರಾ ಅಂತ ಕೇಳಿ. ಅಳತೆ ನೋಡೋಕೂ ಕಾಸಾಗುತ್ತೆ. ನೀವು ಆ ಕಾಸನ್ನೇ ಚೌಕಾಸಿ ಮಾಡಿ ಕಿತ್ತುಕೊಂಡ್ರಿ.” ಆಮೇಲೆ ಮೆಲ್ಲಗೆ, “ಬ್ಯಾಂಕಲ್ಲಿ ಇದ್ದವರಂತೆ ನೀವು. ಎಲ್-1, ಅಂದ್ರೆ ಎಲ್ಲಕ್ಕಿಂತ ಕಡಿಮೆ ರೇಟಿನ ಕೊಟೇಶನ್, ಗೊತ್ತಲ್ಲ? ಎಲ್-1 ಕೇಳಿದ್ರಿ, ಎಲ್-1 ಬಂತು.”

ಹಳೆಯ ಕಾರ್ಬೊರೇಟರ್ ಎಲ್ಲಿ ಎಂದು ಕೇಳಿದರು. ಅದೃಷ್ಟಕ್ಕೆ ಅದು ಎಸೆಯದೆ ಉಳಿದಿತ್ತು. ವಾಸನೆಯ ಕಾರಣಕ್ಕೆ ಹೆಂಡತಿ ಬಾಲ್ಕನಿಗೆ ಗಡೀಪಾರು ಮಾಡಿದ್ದಳು. ತಂದುಕೊಟ್ಟೆ. ವೈರಿನ ಒಂದು ತಾಮ್ರದ ಎಳೆಯಿಂದ ಜೆಟ್ಟುಗಳನ್ನು ಚೊಕ್ಕಟ ಮಾಡಿ, ಒಂದು ಒಳ್ಳೆಯ ಪಿನ್ನು, ಎರಡು ಪ್ಯಾಕಿಂಗ್ ಹಾಕಿದರು. ಕೆಟ್ಟಿದ್ದು ಅಷ್ಟೇ. ಎಲ್ಲ ಸೇರಿ ಇನ್ನೂರು ರೂಪಾಯಿ. ನಾನು ಅಭ್ಯಾಸಬಲದಿಂದ “ನೂರೈವತ್ತು ಮಾಡಿ” ಎನ್ನಲು ಬಾಯಿ ತೆರೆದೆ. ಅಧ್ಯಕ್ಷರು ಭುಜ ಒತ್ತಿದರು.

ಹಾಗಾಗಿ ಓದುಗರಲ್ಲಿ ವಿನಂತಿ. ಸಣ್ಣ ಎಂಜಿನ್ನಿನ ಸಾಮಾನು ಕೊಳ್ಳಲು ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ, ಬಸ್ಸಿನಲ್ಲಿ. ಪೂರ್ತಿ ಹೊಸದು ಕೊಳ್ಳುವ ಮೊದಲು ಪಿನ್ನು, ಪ್ಯಾಕಿಂಗಿನಲ್ಲಿ ಮುಗಿಯುತ್ತದೆಯೇ ಎಂದು ಬಲ್ಲವರನ್ನು ಕೇಳಿ. ಹೊಸದೇ ಬೇಕೆಂದರೆ ಮುಖವನ್ನು ಗಾಜಿನ ಮೇಲಿಟ್ಟು ನೋಡಿ, ಅಲುಗಾಡಿದರೆ ಬೇಡ. ಲೋಡು ಕೊಟ್ಟು ಅರ್ಧ ಗಂಟೆ ಓಡಿಸದೆ ವೇದಿಕೆಗೆ ತರಬೇಡಿ, ಸ್ಟೌವಿನ ಹತ್ತಿರವಂತೂ ಇಡಲೇಬೇಡಿ. ದೇಶ ಯಾವುದೇ ಇರಲಿ, ಅಂಗಡಿಯವರು “ಯಾವ ಡಬ್ಬಿಗೆ ಹಾಕಿ ಕೊಡಲಿ?” ಎಂದು ಕೇಳಿದರೆ, ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗಿ.